ಹಾಲುಗಲ್ಲಿನ ಮಹಿಮೆ, ಅರ್ಥಾತ್ ಸಿರಿಯವ್ವ ಎರೆದ ಹಾಲು

ಭೂಮಂಡಲದಲ್ಲಿ ಧರ್ಮವು ಇನ್ನೂ ಪೂರ್ತಿಯಾಗಿ ಕಣ್ಣು ಮುಚ್ಚಿರದಿದ್ದ ಪುರಾತನ ಕಾಲದಲ್ಲಿ, ಕನ್ನಡನಾಡಿನ ತೆಂಕಣ ಸೀಮೆಯಲ್ಲಿ, ಕುರುಚಲು ಕಾಡು ಕಲ್ಲುಗುಡ್ಡಗಳಿಂದ ಆವೃತವಾದ ಈ ಪುಣ್ಯಸ್ಥಳದಲ್ಲಿ, ನಾಡೊಡೆಯ ಮಾಚರಸನ ಮುನ್ನೂರು ತುರುಗಳನ್ನು ಕಾಯುತ್ತ ಕಾಟಯ್ಯನೆಂಬ ಗೋವಳನು ತನ್ನ ತಾಯಿ ಸಿರಿಯವ್ವನೊಡನೆ ವಾಸವಾಗಿದ್ದನು. ಅವನು ತಪಸ್ಸು ಮಾಡಿದವನಲ್ಲ, ವೇದಾಧ್ಯಯನ ಮಾಡಿದವನಲ್ಲ. ಬೆಳಗಾದರೆ ದನ ಬಿಟ್ಟುಕೊಂಡು ಹೋಗುವುದು, ಸಂಜೆಯಾದರೆ ಒಂದೂ ತಪ್ಪದಂತೆ ಹಟ್ಟಿಗೆ ಹೊಡೆದುಕೊಂಡು ಬರುವುದು, ಇಷ್ಟೇ ಅವನ ನಿತ್ಯಕರ್ಮವಾಗಿತ್ತು.

ಹೀಗಿರಲು ಒಂದು ವೈಶಾಖಮಾಸದ ನಡುಹಗಲಿನಲ್ಲಿ ಗಡಿಯಾಚೆಯ ತುರುಗಳ್ಳರು ನಲವತ್ತು ಮಂದಿ ಆಯುಧಪಾಣಿಗಳಾಗಿ ಬಂದು ಮಂದೆಯನ್ನು ಮುತ್ತಿದರು. ಊರ ಕಾವಲಿನ ಹೊಣೆ ಹೊತ್ತಿದ್ದವನು ಮಾಚರಸನ ಏಕಮಾತ್ರ ಪುತ್ರನಾದ ಕೇತರಸನು. ಸೊಂಟದಲ್ಲಿ ಖಡ್ಗ, ಹಿಂದೆ ಹನ್ನೆರಡು ಮಂದಿ ಬಂಟರು, ಏನು ಠೀವಿ! ಆ ಮಹಾನುಭಾವನು ಕಳ್ಳರ ಬೊಬ್ಬೆ ಕಿವಿಗೆ ಬಿದ್ದೊಡನೆ ತನ್ನ ಮನೆಯ ಅಂಗಳದ ಹಗೇವಿನೊಳಗೆ, ಎಂದರೆ ರಾಗಿ ತುಂಬಿಡುವ ನೆಲದೊಳಗಿನ ಗುಂಡಿಗೆ, ಇಳಿದು ಮೇಲೆ ಚಪ್ಪಡಿ ಎಳೆಸಿಕೊಂಡನು. ಒಡೆಯನಿಲ್ಲದ ಬಂಟರು ದಿಕ್ಕಾಪಾಲಾದರು. ಕಾಟಯ್ಯನೊಬ್ಬನೇ ದನ ಹೊಡೆಯುವ ಕೋಲನ್ನು ಹಿಡಿದು ಕಣಿವೆಯ ಬಾಯಲ್ಲಿ ಅಡ್ಡ ನಿಂತು, ಕಳ್ಳರನ್ನು ಹೊತ್ತು ಇಳಿಯುವವರೆಗೂ ತಡೆದು, ತುರುಗಳೆಲ್ಲವೂ ತಾವಾಗಿಯೇ ಹಟ್ಟಿ ಸೇರಿದ ಮೇಲೆ, ಮೈಯಲ್ಲಿ ಹದಿನೇಳು ಗಾಯಗಳೊಡನೆ ಇದೇ ಸ್ಥಳದಲ್ಲಿ ಪ್ರಾಣ ನೀಗಿದನು.

ತುರುಗಾಳಗದಲ್ಲಿ ಮಡಿದವನಿಗೆ ವೀರಗಲ್ಲು ನಿಲ್ಲಿಸುವುದು ನಾಡಿನ ಪದ್ಧತಿ. ಕೆಳಗಣ ಅಂತಸ್ತಿನಲ್ಲಿ ಕಾಳಗ, ನಡುವೆ ಅವನನ್ನು ಮೇಲಕ್ಕೆ ಒಯ್ಯುವ ಅಪ್ಸರೆಯರು, ಮೇಲಣ ಅಂತಸ್ತಿನಲ್ಲಿ ಶಿವಸನ್ನಿಧಿಯಲ್ಲಿ ಕುಳಿತ ವೀರ. ಸಿರಿಯವ್ವನು ಮಗನಿಗಾಗಿ ಬೇಡಿದ್ದು ಅದೊಂದೇ ಕಲ್ಲು. ಮಾಚರಸನೂ ಕಲ್ಲು ಕಡೆಯಿಸಿದನು. ಸುತ್ತಲೂ ಹದಿನಾರು ಕಂಬಗಳ ಮಂಟಪವನ್ನೂ ಕಟ್ಟಿಸಿದನು. ಆದರೆ ಕಲ್ಲಿನ ಮೇಲೆ ಬರೆಯಿಸಿದ ಹೆಸರು ಕೇತರಸನದು! ಹಗೇವಿನಲ್ಲಿ ರಾಗಿಯ ಧೂಳಿಗೆ ಸೀನುತ್ತ ಕುಳಿತಿದ್ದವನು ಕಲ್ಲಿನಲ್ಲಿ ಖಡ್ಗ ಝಳಪಿಸುತ್ತಿದ್ದನು. ಊರಿಗೆ ಊರೇ ನಿಜ ಬಲ್ಲುದು, ಊರಿಗೆ ಊರೇ ಬಾಯಿಗೆ ಬೀಗ ಹಾಕಿಕೊಂಡಿತು. ಇದನ್ನು ಬರೆಯುವಾಗ ಇಂದಿಗೂ ನನ್ನ ಮೈ ಉರಿಯುತ್ತದೆ.

ಕಲ್ಲು ಕಡೆಯುವ ರೂವಾರಿಯು ಮಾತ್ರ ಒಂದು ಮಾತು ಬಿನ್ನೈಸಿದ್ದನಂತೆ: ಮೇಲಣ ಅಂತಸ್ತು ಸತ್ತವರಿಗೆ ಮಾತ್ರ ಸಲ್ಲುವುದು, ಬದುಕಿರುವವರನ್ನು ಕೈಲಾಸದಲ್ಲಿ ಕೂರಿಸಬಾರದು ಎಂದು. ಗರ್ವಾಂಧನಾದ ಮಾಚರಸನು ಕೇಳಲಿಲ್ಲ. ಕಂಡಕಂಡವರ ಕಲ್ಲಿಗೆಲ್ಲ ಮೂರು ಅಂತಸ್ತು ಇರುವಾಗ ತನ್ನ ಮಗನಿಗೆ ಎರಡೇ ಏಕೆಂದು ಗದರಿ, ಮೂರನ್ನೂ ಕಡೆಯಿಸಿದನು.

ಪ್ರತಿಷ್ಠಾಪನೆಯ ದಿನ ನಾಡಿಗೆ ನಾಡೇ ನೆರೆದಿತ್ತು. ಹಾರ ಹಾಕಿಸಿಕೊಂಡ ಕೇತರಸನು ಕಲ್ಲಿನ ಎದುರಿಗೇ ಪೀಠದಲ್ಲಿ ಕುಳಿತಿದ್ದನು. ಆಗ ಜನರನ್ನು ಸೀಳಿಕೊಂಡು, ಒಂದು ಕೈಯಲ್ಲಿ ಹಾಲಿನ ಚೆಂಬು ಇನ್ನೊಂದರಲ್ಲಿ ತುಪ್ಪದ ಕುಡಿಕೆ ಹಿಡಿದು, ಸಿರಿಯವ್ವನು ಬಂದಳು. ಸತ್ತವರ ಗುಡ್ಡೆಗೆ ಬಿಡುವ ಹಾಲುತುಪ್ಪ ಅದು. ಅವಳು ಅಳಲಿಲ್ಲ. ಕಲ್ಲಿನ ಬುಡದಲ್ಲಿ ಕುಕ್ಕರಗಾಲಿನಲ್ಲಿ ಕುಳಿತು, "ಅಪ್ಪಾ ಕೇತರಸಾ, ಕೈಲಾಸ ಸೇರ್ಕಂಡ್ಯಲ್ಲಪ್ಪಾ, ತಣ್ಗಿರು" ಎನ್ನುತ್ತ ಹಾಲನ್ನು ಎರೆಯತೊಡಗಿದಳು.

ಮಾಚರಸನು ಬಿಳಿಚಿಕೊಂಡು ಎದ್ದು ನಿಂತನು. "ಏ ಮುದುಕಿ, ಏನ್ ಮಾಡ್ತಿದ್ದೀಯೇ? ಬದುಕಿರೋ ಮಗನಿಗೆ ಹಾಲುತುಪ್ಪ ಬುಡ್ತೀಯಾ?"

"ಬದುಕವ್ನಾ ಬುದ್ಧೀ? ನಿಮ್ ಕಲ್ಲು ಸತ್ತ ಅಂತದಲ್ಲ! ಶಿವನ ಮಗ್ಗುಲಲ್ಲಿ ಕೂರ್ಸವ್ರೆ ನೋಡಿ. ಸತ್ತೋರ್ಗೆ ಹಾಲು ಬುಡೋರು ಯಾರೂ ಇಲ್ಲ ಅಂತ ನಾನೇ ತಂದೆ."

"ನಿಲ್ಸು! ನಿಲ್ಸು ಅಂದೆ!"

"ನಿಲ್ಲುಸ್ತೀನಿ. ತುರು ಕಾದು ಸತ್ತೋನು ಯಾರು? ಹೆಸ್ರು ಹೇಳಿ, ಈಗ್ಲೇ ನಿಲ್ಲುಸ್ತೀನಿ."

ಹಾಲು ಬರಿದಾಗಿ ಸಿರಿಯವ್ವನು ತುಪ್ಪದ ಕುಡಿಕೆಗೆ ಕೈ ಹಾಕಿದ್ದೇ ತಡ, ಪೀಠದಲ್ಲಿದ್ದ ಕೇತರಸನು ಕೊರಳಿನ ಹಾರ ಕಿತ್ತೆಸೆದು, ಅವಳ ಕಾಲಿಗೆ ಬಿದ್ದು, "ಬ್ಯಾಡ ಕಣವ್ವಾ! ಸತ್ತೋನು ಕಾಟಯ್ಯ! ಕಾಟಯ್ಯ ಕಣವ್ವಾ! ನಾನು ಹಗೇವಲ್ಲಿದ್ದೆ!" ಎಂದು ನಾಡೆಲ್ಲ ಕೇಳುವಂತೆ ಕೂಗಿಕೊಂಡನು.

ಆ ಹೆಸರು ಹೊರಬಿದ್ದ ಕ್ಷಣದಲ್ಲಿಯೇ ಮೇಲಣ ಅಂತಸ್ತಿನಲ್ಲಿ ಕುಳಿತಿದ್ದ ವಿಗ್ರಹದ ಮುಖವು ಚಕ್ಕೆಯಾಗಿ ಸಿಡಿದು ಕೆಳಗೆ ಬಿತ್ತು, ಆಕಾಶದಿಂದ ಮೇಘಗಂಭೀರವಾದ ಅಶರೀರವಾಣಿಯು ಕೇಳಿಬಂದಿತು: "ಎಲೈ ಮಾಚರಸನೇ, ನನ್ನ ಸನ್ನಿಧಿಗೆ ಬಾರದವನನ್ನು ನನ್ನ ಮಗ್ಗುಲಲ್ಲಿ ಕುಳ್ಳಿರಿಸಲು ನಿನ್ನ ಉಳಿಗೆ ಅಪ್ಪಣೆ ಕೊಟ್ಟವರಾರು? ಇಲ್ಲಿ ಕುಳಿತಿರುವವನು ಕಾಟಯ್ಯನು. ಅವನ ಹೆಸರನ್ನು ಬಾಯ್ದೆರೆದು ನುಡಿದು ಎರೆದ ಹಾಲು ಮಾತ್ರ ಇನ್ನು ಮುಂದೆ ನನ್ನನ್ನು ಮುಟ್ಟುವುದು."

ಭಯಗ್ರಸ್ತನಾದ ಮಾಚರಸನು ಅಕ್ಷರಗಳನ್ನು ಕೆತ್ತಿ ತೆಗೆಸಿ ಗೋವಳನ ಹೆಸರು ಬರೆಯಿಸುವೆನೆಂದು ಅಂಗಲಾಚಿದನು. ಸಿರಿಯವ್ವನು ಒಪ್ಪಲಿಲ್ಲ. "ನಿಮ್ ಸುಳ್ಳು ಹಂಗೇ ಇರ್ಲಿ ಬುದ್ಧೀ, ಬಂದೋರೆಲ್ಲ ನೋಡ್ಲಿ. ನನ್ ಮಗನ ಹೆಸ್ರ ಜನ ಹೇಳ್ತಾರೆ" ಎಂದು ಖಾಲಿ ಚೆಂಬು ಹಿಡಿದು ಹೊರಟಳು. ಜನ ಹೇಳಿದರು. ಅಂದಿನಿಂದ ವೈಶಾಖ ಶುದ್ಧ ದಶಮಿಯ ನಡುಹಗಲಲ್ಲಿ ಸುತ್ತಣ ಏಳು ಹಳ್ಳಿಯವರು ಹೆಸರು ಕೂಗಿ ಹಾಲೆರೆಯುತ್ತ ಬಂದಿದ್ದಾರೆ. ಮುಖವಿಲ್ಲದ ವಿಗ್ರಹವನ್ನೂ ಬುಡದಲ್ಲಿ ಹಾಲು ಹರಿದು ನುಣುಪಾದ ಚಪ್ಪಡಿಯನ್ನೂ ಭಕ್ತರು ಕಣ್ಣಾರೆ ಕಾಣಬಹುದು.

ಇಲ್ಲಿಗೆ ಪುರಾಣ ಮುಗಿಯಬೇಕಿತ್ತು. ಮುಗಿಯಲು ಬಿಟ್ಟರೆ ತಾನೆ! ನಾಲ್ಕು ವರ್ಷಗಳ ಹಿಂದೆ ಪ್ರಾಚೀನ ಕಟ್ಟಡಗಳನ್ನು ಸಂರಕ್ಷಿಸುವ ವಿದ್ವಾಂಸರೊಬ್ಬರು ಜೀಪಿನಲ್ಲಿ ಬಂದು, ಅರ್ಧ ಗಂಟೆಯಲ್ಲಿ ಶಾಸನ ಓದಿ, ಮಂಟಪಕ್ಕೆ ಕಬ್ಬಿಣದ ಬೇಲಿ ಹಾಕಿಸಿ, "ತುರುಗಾಳಗದಲ್ಲಿ ಮಡಿದ ವೀರ ಕೇತರಸನ ಸ್ಮಾರಕ" ಎಂದು ನೀಲಿ ಫಲಕ ನೆಡಿಸಿದರು. ವಂಶಪಾರಂಪರ್ಯವಾಗಿ ಇಲ್ಲಿ ದೀಪ ಹಚ್ಚುವ ನಾನು ಕೈಮುಗಿದು ಎಲ್ಲವನ್ನೂ ಹೇಳಿದೆ. ದಾಖಲೆ ಇದೆಯೇ ಎಂದರು. ಒಡೆದ ಮುಖ ತೋರಿಸಿದೆ. ಮಳೆಗಾಳಿಗೆ ಸವೆದದ್ದು ಎಂದರು. ಮೂರು ಅರ್ಜಿ ಬರೆದೆ, ಒಂದಕ್ಕೂ ಉತ್ತರವಿಲ್ಲ. ಸತ್ತವನಿಗೆ ಅನ್ಯಾಯ ಮಾಡಿದವನು ಒಬ್ಬ ನಾಡೊಡೆಯ. ಅದನ್ನೇ ಮತ್ತೆ ಬಣ್ಣ ಹಚ್ಚಿ ನಿಲ್ಲಿಸಲು ಇಷ್ಟೊಂದು ಓದು ಬೇಕಾಯಿತೇ? ಬೀಗದ ಕೈ ತಾಲ್ಲೂಕು ಕೇಂದ್ರದ ಕಚೇರಿಯಲ್ಲಿದೆ. ಹೋದ ದಶಮಿಯಂದು ಕಾಟಯ್ಯನ ಕುಲದ ಹೆಣ್ಣುಮಕ್ಕಳು ಚೆಂಬು ಹಿಡಿದು ಬಿಸಿಲಲ್ಲಿ ಬೇಲಿಯ ಹೊರಗೆ ನಿಂತಿದ್ದರು. ನೋಡಲಾಗಲಿಲ್ಲ ನನ್ನಿಂದ.

ಆದಕಾರಣ ಈ ಕ್ಷೇತ್ರಕ್ಕೆ ಬರುವ ಭಕ್ತಮಹಾಶಯರು ತಪ್ಪದೆ ಹೀಗೆ ಮಾಡಬೇಕು. ಬೀಗ ತೆಗೆಯುವವರಿಗಾಗಿ ಕಾಯಬೇಡಿ. ಎಡಬದಿಯ ಎರಡು ಸರಳುಗಳ ನಡುವೆ ತೋಳು ತೂರುವಷ್ಟು ಜಾಗವಿದೆ, ನಾನೇ ಬಗ್ಗಿಸಿದ್ದೇನೆ, ಬೇಕಾದವರು ನನ್ನ ಮೇಲೆ ದೂರು ಕೊಡಲಿ. ಚೆಂಬು ಒಳಗೆ ಚಾಚಿ ಹಾಲೆರೆಯಿರಿ. ಎರೆಯುವಾಗ, ಫಲಕ ಓದುತ್ತ ನಿಂತವರು ತಿರುಗಿ ನೋಡುವಷ್ಟು ಗಟ್ಟಿಯಾಗಿ ಹೆಸರು ಹೇಳಿ: ಕಾಟಯ್ಯ.