ಮಗು ಅತ್ತರೆ ನಿಲ್ಲೋ ಎತ್ತು

ಬಾ, ಈ ಕಡೆ ಮಲ್ಕೋ. ಕಾಲು ನನ್ನ ಮೇಲೆ ಹಾಕ್ಬೇಡ, ಮೊದಲೇ ಸೆಕೆ. ಇವತ್ತು ಬಸ್ಸಲ್ಲಿ ಊರು ಬಂತಾ, ಊರು ಬಂತಾ ಅಂತ ಕೇಳಿ ಕೇಳಿ ನಿಮ್ಮಮ್ಮನ ಪ್ರಾಣ ತಿಂದ್ಯಂತಲ್ಲ, ಕಂಡಕ್ಟರ್ ಬೇರೆ ನಿನಗೆ ಕೈ ಮುಗಿದನಂತೆ. ನಗ್ತೀಯಾ? ನಗು ನಗು. ಇವತ್ತು ನಿನಗೆ ಸರಿಯಾದ ಕತೆ ಹೇಳ್ತೀನಿ ಕೇಳು.

ಒಂದಾನೊಂದು ಕಾಲದಲ್ಲಿ, ಬಸ್ಸು ರೈಲು ಅನ್ನೋ ಹೆಸರನ್ನೇ ಯಾರೂ ಕೇಳಿರದ ಕಾಲದಲ್ಲಿ, ಒಂದು ಬಯಲುಸೀಮೆ ಊರಲ್ಲಿ ಕೆಂಚಮ್ಮ ಅಂತ ಒಬ್ಬಳಿದ್ದಳಂತೆ. ಅವಳ ಗಂಡ ಕುರಿ ಕಾಯೋನು, ಹಿಂಡು ಹೊಡ್ಕೊಂಡು ಹುಲ್ಲಿರೋ ಕಡೆ ಹೋಗಿಬಿಟ್ರೆ ತಿಂಗಳುಗಟ್ಟಲೆ ಅವನ ಮುಖ ಕಾಣಂಗಿಲ್ಲ. ಹಾಗಾಗಿ ಮನೆ, ಹೊಲ, ಎತ್ತು, ಮಕ್ಕಳು ಎಲ್ಲಾ ಕೆಂಚಮ್ಮನ ತಲೆ ಮೇಲೇನೇ. ಮಕ್ಕಳು ಮೂರು. ದೊಡ್ಡೋನು ಓಬಳ, ಅವನಿಗೆ ನಿನ್ನ ಹಾಗೇ ಕೂತಲ್ಲಿ ಕೂರೋಕಾಗದು. ನಡುವಿನೋಳು ಬೈರಿ, ಅವಳಿಗೆ ಮುಟ್ಟಿದ್ದಕ್ಕೆಲ್ಲಾ ಮುನಿಸು. ಚಿಕ್ಕೋನು ಗುಂಡ, ಅವನು ಯಾಕೆ ಅಳ್ತಾನೆ ಅಂತ ಅವನಿಗೇ ಗೊತ್ತಿರ್ತಿರಲಿಲ್ಲವಂತೆ.

ಇನ್ನು ಎತ್ತು. ಅದರ ಹೆಸರು ಚೆನ್ನಿಗ. ಒಳ್ಳೇ ಎತ್ತು, ಹಾಯೋದಿಲ್ಲ, ಒದೆಯೋದಿಲ್ಲ, ಆದರೆ ಅದಕ್ಕೊಂದು ವಿಚಿತ್ರ ಚಾಳಿ. ಮಗು ಅತ್ತರೆ ನಿಂತುಬಿಡೋದು. ಯಾಕೆ ಅಂತೀಯಾ? ಕೆಂಚಮ್ಮ ಅದನ್ನ ಕಟ್ಕೊಂಡು ಹೊಲದಲ್ಲಿ ಕುಂಟೆ ಹೊಡೀತಿದ್ದಳು. ಹೆಂಗಸು ಕುಂಟೆ ಹೊಡೀತಾಳೆ ಅಂತ ಊರೋರು ಆಡ್ಕೊಂಡ್ರಂತೆ, ಆಡ್ಕೊಳ್ಳೋರು ಬಂದು ಇವಳ ಹೊಲ ಮಾಡ್ಕೊಡ್ತಾರಾ? ಬದುವಿನ ಮೇಲಿದ್ದ ಬೇವಿನ ಮರಕ್ಕೆ ಸೀರೆ ಜೋಲಿ ಕಟ್ಟಿ ಕೂಸು ಮಲಗಿಸೋಳು. ಕೂಸು ಅತ್ತ ತಕ್ಷಣ ಹೋ ಅಂತ ಎತ್ತು ನಿಲ್ಲಿಸೋಳು, ಹೋಗಿ ಹಾಲು ಕೊಟ್ಟು ಆಡಿಸಿ, ಕೂಸು ಕಿಲಕಿಲ ಅಂತ ನಕ್ಕ ಮೇಲೆ ಬಂದು ಮತ್ತೆ ಎತ್ತು ಹೊಡೆಯೋಳು. ಒಂದಾದ ಮೇಲೆ ಒಂದು ಮೂರು ಮಕ್ಕಳನ್ನೂ ಹಾಗೇ ಸಾಕಿದ್ದಳು. ಹಾಗಾಗಿ ಆ ಎತ್ತಿಗೆ ಹೋ ಅನ್ನೋದೇ ಬೇಡವಾಯ್ತು. ಮಗು ಅತ್ತರೆ ನಿಲ್ಬೇಕು, ನಕ್ಕರೆ ಹೊರಡ್ಬೇಕು, ಅಷ್ಟೇ ಅದಕ್ಕೆ ಗೊತ್ತಿದ್ದಿದ್ದು.

ಆಮೇಲೆ ಒಂದು ಬೇಸಿಗೇಲಿ, ಊರಿನ ಕೂಲಿಮಠಕ್ಕೆ ರಜಾ ಬಿಟ್ರಂತೆ. ಕೂಲಿಮಠ ಅಂದ್ರೆ ಆ ಕಾಲದ ಇಸ್ಕೂಲು, ಅಲ್ಲಿ ಪಾಠ ಹೇಳೋರಿಗೆ ಐಗಳು ಅನ್ನೋರು. ರಜಾ ಬಿಟ್ಟಿದ್ದೇ ಬಿಟ್ಟಿದ್ದು, ಮನೇಲಿ ಒಂದು ಮಡಕೆ ನೆಟ್ಟಗೆ ಉಳೀಲಿಲ್ಲ. ಅಷ್ಟರಲ್ಲೇ ಕೆಂಚಮ್ಮನ ತಮ್ಮ ಚಿಕ್ಕಣ್ಣನಿಂದ ಸುದ್ದಿ ಬಂತು. ಮಗಳಿಗೆ ಮೂರು ತಿಂಗಳು ತುಂಬಿತು ಅಕ್ಕಾ, ನಾಳೆ ಸಂಜೆ ತೊಟ್ಟಿಲಿಗೆ ಹಾಕ್ತಾರೆ, ಹೆಂಡತಿ ತವರಲ್ಲೇ ಶಾಸ್ತ್ರ, ದೀಪ ಹಚ್ಚೋ ಹೊತ್ತಿಗೆ ನೀನು ಇರಲೇಬೇಕು ಅಂತ.

ನಿನಗೆ ಗೊತ್ತಲ್ಲ, ಮಗೂನ ಕಿವೀಲಿ ಹೆಸರು ಹೇಳೋದು ಸೋದರತ್ತೆ. ನಿನಗೆ ಹೇಳಿದ್ದೂ ನಿಮ್ಮತ್ತೇನೇ. ಆ ಚಿಕ್ಕಣ್ಣ ತೊಟ್ಟಿಲಲ್ಲಿದ್ದಾಗಲೇ ಅವರವ್ವ ತೀರ್ಕೊಂಡಿದ್ದಳಂತೆ, ಕೆಂಚಮ್ಮ ತಾನೇ ಇಷ್ಟುದ್ದ ಇದ್ದೋಳು ತಮ್ಮನ್ನ ಸೊಂಟದ ಮೇಲೆ ಹೊತ್ಕೊಂಡು ಸಾಕಿದ್ದಳು. ಅವನಿಗೆ ತನ್ನೋರು ಅಂತ ಇದ್ದೋಳು ಅವಳೊಬ್ಬಳೇ. ಮಗಳಿಗೆ ನಮ್ಮವ್ವನ ಹೆಸರೇ, ಹೊನ್ನವ್ವ ಅಂತಾನೇ ಹೇಳ್ಬೇಕು ಅಂತ ಅವಳ ಆಸೆ. ಆದರೆ ಹೊತ್ತಿಗೆ ಸರಿಯಾಗಿ ಹೋಗದಿದ್ರೆ? ಹೆಂಡತಿ ಕಡೆ ಪುಟ್ಟತಾಯಿ ಅಂತ ಒಬ್ಬ ಜಂಬಗಾತಿ ಇದ್ದಳು, ಸೋದರತ್ತೆ ಬರದಿದ್ರೆ ನಾನಿಲ್ವಾ ಅಂತ ಸೆರಗು ಸಿಗಿಸ್ಕೊಂಡು ನಿಂತಿದ್ದಳಂತೆ. ಒಂದು ಸಲ ಕಿವೀಲಿ ಬಿದ್ದ ಹೆಸರು ಬಿದ್ದ ಹಾಗೇ, ಅದನ್ನ ತೆಗೆಯೋಕೆ ಬರುತ್ತಾ?

ಸರಿ, ಬೆಳ್ಳಂಬೆಳಗ್ಗೇನೇ ಗಾಡಿ ಕಟ್ಟಿ, ಎತ್ತಿಗೊಂದು ಹೊರೆ ಹುಲ್ಲು ಹಾಕಿ, ಮಕ್ಕಳಿಗೆ ತಂಬಿಟ್ಟು, ಹುರಿಗಡಲೆ, ಕೊಬ್ಬರಿ ಬೆಲ್ಲ ಒಂದು ಗಂಟು ಕಟ್ಟಿ, ಚೌಕಾಬಾರ ಆಡೋಕೆ ಕವಡೆ ಇಟ್ಕೊಂಡು ಹೊರಟಳಂತೆ. ಹೋಗ್ತಿರೋದು ಮಾವನ ಹತ್ರಕ್ಕೆ, ಸುಮ್ನೆ ಕೂತ್ಕೊಳ್ಳಿ ಅಂದಳು ಅಷ್ಟೇ. ಇನ್ನೇನೂ ಹೇಳಲಿಲ್ಲ. ಮಕ್ಕಳಿಗೆ ಏನು ತಿಳಿಯುತ್ತೆ ಅಂತ. ದೊಡ್ಡೋರು ಮಾಡೋ ತಪ್ಪೇ ಅದು ನೋಡು.

ಊರ ಬಾಗಿಲು ದಾಟಿ ಇನ್ನೂ ಬಾವಿ ಹತ್ರ ಬಂದಿಲ್ಲ, ಓಬಳ ಊರು ಬಂತಾ ಅಂದನಂತೆ. ಇಲ್ಲ ಕಣೋ. ಹುಣಸೇ ತೋಪು ಬಂತು, ಈಗ ಬಂತಾ? ಇಲ್ಲ ಕಣೋ. ಎಷ್ಟು ಹೊತ್ತಾದ್ರೂ ಊರು ಬರದೇ ಇದ್ದಾಗ ಓಬಳ ಕಾಲು ಬಡಿದು ಹೋ ಅಂತ ಅತ್ತ. ಚೆನ್ನಿಗ ನಿಂತುಬಿಡ್ತು! ಬಾಲ ತಿರುವಿದ್ರೂ ಇಲ್ಲ, ಬಾರುಕೋಲು ತೋರಿಸಿದ್ರೂ ಇಲ್ಲ. ಕೆಂಚಮ್ಮ ಗಾಬರಿಯಾಗಿ ಗಂಟು ಬಿಚ್ಚಿ ತಂಬಿಟ್ಟು ಕೊಟ್ಟಳು, ಅವನಿಗೆ ಕೊಟ್ಟದ್ದಕ್ಕೆ ಉಳಿದಿಬ್ರೂ ಕೈ ಚಾಚಿದ್ರು, ಚಾಚಿದ ಕೈಗೆಲ್ಲಾ ಕೊಟ್ಟಳು. ಬಾಯಿ ತುಂಬ ಹಿಟ್ಟು ಇಟ್ಕೊಂಡು ಒಬ್ಬರ ಮುಖ ಒಬ್ಬರು ನೋಡಿ ನಕ್ಕರಂತೆ, ಎತ್ತು ಹೊರಡ್ತು. ಆದರೆ ದಾರಿಗೆಲ್ಲಾ ಆಗ್ಬೇಕಿದ್ದ ಗಂಟು ಹುಣಸೇ ತೋಪಲ್ಲೇ ಖಾಲಿಯಾಯ್ತು.

ಆಮೇಲೆ ಬಿಸಿಲು ಏರಿತು, ದಾರಿ ಒಣಗಿದ ಹಳ್ಳಕ್ಕೆ ಇಳೀತು. ಮಕ್ಕಳು ಬೇಜಾರು ಅನ್ನೋಕೆ ಶುರು ಮಾಡಿದ್ರು, ಕೆಂಚಮ್ಮ ಕವಡೆ ಕೊಟ್ಟಳು. ಕುಲುಕಾಡೋ ಗಾಡೀಲಿ ಕವಡೆ ನಿಲ್ಲುತ್ತಾ? ಬೈರಿಗೆ ಒಳ್ಳೇ ಗರ ಬಿದ್ದಿತ್ತಂತೆ, ಅಷ್ಟರಲ್ಲಿ ಚಕ್ರ ಕಲ್ಲು ಹತ್ತಿ ಕವಡೆಗಳೆಲ್ಲಾ ಹಲಗೆ ಸಂದೀಲಿ ಮರಳಿಗೆ ಬಿದ್ದುಹೋದವು. ನಾನು ಗೆದ್ದಿದ್ದೆ, ನಾನು ಗೆದ್ದಿದ್ದೇ ಅಂತ ಬೈರಿ ಕಿರುಚಿ ಅತ್ತಳು. ಸುಡೋ ಮರಳ ನಡುವೆ ಎತ್ತು ನಿಂತ್ಕೊಳ್ತು. ಬುತ್ತಿ ಇಲ್ಲ, ಕವಡೆ ಇಲ್ಲ, ಈಗ ಏನು ಮಾಡ್ತಾಳೆ ಹೇಳು?

ತಲೆ ಮೇಲೆ ಕಂಬಳಿ ಕೊಪ್ಪೆ ಹಾಕ್ಕೊಂಡಳು, ಒಂದು ಹಿಡಿ ಹುಲ್ಲು ಗಲ್ಲಕ್ಕೆ ಹಿಡ್ಕೊಂಡು ಗಡ್ಡ ಮಾಡ್ಕೊಂಡಳು, ಥೇಟ್ ಐಗಳ ಹಾಗೇ ಕೆಮ್ಮಿ, ಯಾರದು ಗದ್ದಲ, ಎಲ್ಲರೂ ಕಿವಿ ಹಿಡ್ಕೊಂಡು ಬಸ್ಕಿ ಹೊಡೀರಿ ಅಂತ ಗಾಡಿ ಸುತ್ತ ಓಡಾಡಿದಳು. ಬೈರಿ ಅಳು ಅರ್ಧಕ್ಕೆ ನಿಲ್ತು. ಆಮೇಲೆ ಐಗಳು ಎತ್ತಿನ ಮುಂದೆ ಹೋಗಿ, ನೀನೂ ಹೊಡೀ ಬಸ್ಕಿ ಅಂದ್ರೆ, ಚೆನ್ನಿಗ ಕತ್ತು ಚಾಚಿ ಗಡ್ಡಕ್ಕೇ ಬಾಯಿ ಹಾಕ್ತಂತೆ! ಅರ್ಧ ಗಡ್ಡ ಎತ್ತಿನ ಬಾಯಲ್ಲಿ, ಅರ್ಧ ಐಗಳ ಕೈಯಲ್ಲಿ. ಮೂರು ಮಕ್ಕಳೂ ಬಿದ್ದು ಬಿದ್ದು ನಕ್ಕವು, ಎತ್ತು ಗಡ್ಡ ಅಗಿಯುತ್ತಾ ಹೊರಟಿತು.

ನೀನೂ ಸಾಕು ನಕ್ಕಿದ್ದು, ನಿದ್ದೆ ಹಾರಿಹೋದೀತು.

ಆಮೇಲೆ ಹೊತ್ತು ಇಳೀತಾ ಬಂತು. ದೂರದಲ್ಲಿ ಆ ಊರಿನ ಆಲದ ಮರ ಮಸುಕಾಗಿ ಕಾಣ್ತಿತ್ತಂತೆ. ಇನ್ನೇನು ಹೋಗ್ಬಿಟ್ವಿ ಅಂದ್ಕೊಳ್ಳೋ ಹೊತ್ತಿಗೆ ಗುಂಡ ಶುರು ಹಚ್ಕೊಂಡ. ಹಸಿವಲ್ಲ, ಬಾಯಾರಿಕೆ ಅಲ್ಲ, ನಿದ್ದೆ ಬೇಕು ಆದರೆ ಮಲಗಲ್ಲ, ಎತ್ಕೋ ಅಂತಾನೆ, ಎತ್ಕೊಂಡ್ರೆ ಇಳಿಸು ಅಂತಾನೆ. ಅವನ ಅಳು ಕೇಳಿ ಬೈರಿ ಅತ್ತಳು, ಬೈರಿ ಅಳು ಕೇಳಿ ಓಬಳ ಅತ್ತ. ಎತ್ತು ಕಂಬ ನೆಟ್ಟ ಹಾಗೆ ನಿಂತುಬಿಡ್ತು. ಕೆಂಚಮ್ಮ ಮತ್ತೆ ಐಗಳಾದಳು, ಯಾರೂ ನಗಲಿಲ್ಲ. ಮುದ್ದು ಮಾಡಿದಳು, ಬೈದಳು, ಹಕ್ಕಿ ತೋರಿಸಿದಳು, ಊಹೂಂ. ಮೂರು ಮಕ್ಕಳನ್ನ ಹೊತ್ಕೊಂಡು ನಡೆದ್ರೆ ಹೊತ್ತು ಮುಳುಗೋದ್ರೊಳಗೆ ಊರು ಸೇರೋದು ಸುಳ್ಳು.

ಆಗ ಅವಳ ಕೈಲಿ ಇನ್ನು ಆಗಲಿಲ್ಲ. ದಾರಿ ಪಕ್ಕದ ಮಣ್ಣಲ್ಲೇ ಕುಕ್ಕರಿಸಿ ಕೂತು, ಸೆರಗು ಬಾಯಿಗೆ ಒತ್ಕೊಂಡು ತಾನೂ ಅತ್ತುಬಿಟ್ಟಳಂತೆ.

ಮಕ್ಕಳು ಗಪ್ ಚಿಪ್! ಅವ್ವ ಅಳೋದನ್ನ ಅವು ಯಾವತ್ತು ಕಂಡಿದ್ದವು? ಒಂದೊಂದೇ ಗಾಡಿಯಿಂದ ಇಳಿದು ಬಂದು ಸುತ್ತ ನಿಂತವು. ಯಾಕವ್ವಾ ಅಂತ ಓಬಳ ಕೇಳಿದ. ಆಗ ಕೆಂಚಮ್ಮ ಎಲ್ಲಾ ಹೇಳಿದಳು. ನಮ್ಮವ್ವ ಹೋದ ಮೇಲೆ ನಿಮ್ಮ ಮಾವನ್ನ ನಾನು ಹೀಗೇ ಎತ್ಕೊಂಡು ಬೆಳೆಸಿದ್ದು ಕಣ್ರೋ, ಅಲ್ಲಿ ಇರೋರೆಲ್ಲಾ ಹೆಂಡತಿ ಕಡೆಯೋರೇ, ಅವನ ಕಡೆಯೋಳು ಅಂತ ನಾನೊಬ್ಬಳು ಬರ್ತೀನಿ ಅಂತ ಬಾಗಿಲಲ್ಲಿ ದಾರಿ ಕಾಯ್ತಿರ್ತಾನೆ, ನಾನು ಹೋಗದಿದ್ರೆ ನಿಮ್ಮಜ್ಜಿ ಹೆಸರು ಅಲ್ಲಿ ಯಾರೂ ಎತ್ತೋದಿಲ್ಲ ಅಂತ.

ಮಕ್ಕಳು ಬಾಯಿ ಬಿಟ್ಕೊಂಡು ಕೇಳಿದ್ರು. ಇದನ್ನ ಬೆಳಗ್ಗೇನೇ ಯಾಕೆ ಹೇಳಲಿಲ್ಲ ಅಂತ ಬೈರಿ ಸಿಡುಕಿದಳಂತೆ. ಸರಿಯಾಗೇ ಕೇಳಿದಳು. ಆಮೇಲೆ ಗುಂಡ ಏನು ಮಾಡ್ದ ಗೊತ್ತಾ? ಗಾಡಿಯಿಂದ ಕಂಬಳಿ ಎಳ್ಕೊಂಡು ಬಂದು ಹೊದ್ಕೊಂಡ. ಅದು ಅವನಿಗಿಂತ ಉದ್ದ, ಕಣ್ಣೂ ಕಾಣಲ್ಲ. ಹುಲ್ಲು ತಗೊಂಡು ಗಡ್ಡ ಅಂತ ಹಣೆಗೆ ಹಿಡ್ಕೊಂಡ. ಹಿಡ್ಕೊಂಡು, ಏಯ್ ಕೆಂಚಿ, ಅಳು ನಿಲ್ಲಿಸ್ತೀಯೋ, ಬಸ್ಕಿ ಹೊಡೆಸ್ಲೋ ಅಂದ! ಹೆತ್ತ ಅವ್ವನಿಗೇ ಏಯ್ ಕೆಂಚಿ ಅಂತ! ಕೆಂಚಮ್ಮನಿಗೆ ಅಳುವಿನ ನಡುವೇನೇ ನಗು ಉಕ್ಕಿ ಬಂತು. ಅವಳು ನಕ್ಕಿದ್ದಕ್ಕೆ ಗುಂಡನಿಗೆ ಜಂಬ ಬಂತು, ಇನ್ನೂ ಕುಣಿದ, ಕಂಬಳಿ ತೊಡರಿ ಬಿದ್ದ, ಬಿದ್ದಲ್ಲೇ ನಕ್ಕ, ಓಬಳ ನಕ್ಕ, ಬೈರಿ ನಕ್ಕಳು. ಗಾಡಿ ಹೊರಟೇಬಿಡ್ತು! ತಡಿಯೋ ಚೆನ್ನಿಗ ಅಂತ ಎಲ್ಲರೂ ಹಿಂದೆ ಓಡಿ ಹತ್ಕೊಂಡ್ರಂತೆ. ಅಲ್ಲಿಂದ ಮುಂದಕ್ಕೆ ಯಾರೂ ಊರು ಬಂತಾ ಅನ್ನಲಿಲ್ಲ. ಅವ್ವನ್ನ ಹೊತ್ತಿಗೆ ಸರಿಯಾಗಿ ಮುಟ್ಟಿಸಬೇಕು ಅಂತ ಮೂವರೂ ಸರದಿ ಮೇಲೆ ಕೋತಿ ಚೇಷ್ಟೆ ಮಾಡಿ ನಗಿಸ್ತಾನೇ ಇದ್ರು, ಎತ್ತು ಓಡ್ತಾನೇ ಇತ್ತು.

ಊರೊಳಗೆ ಬಂದ್ರು. ಇನ್ನೇನು ಆ ಬೀದಿಗೆ ತಿರುಗ್ಬೇಕು, ಚೆನ್ನಿಗ ಗಕ್ಕನೆ ನಿಂತ್ಕೊಳ್ತು. ಯಾರೋ ಅತ್ತಿದ್ದು? ನಾನಲ್ಲ ಅಂದ ಓಬಳ, ನಾನಲ್ಲ ಅಂದಳು ಬೈರಿ, ನಾನಂತೂ ಅಲ್ಲ ಅಂದ ಗುಂಡ. ಕಿವಿಗೊಟ್ಟು ಕೇಳಿದ್ರೆ, ಅಳು ಬರ್ತಿರೋದು ಶಾಸ್ತ್ರದ ಮನೆಯಿಂದ! ಕೆಂಚಮ್ಮ ಗಾಡಿ ಅಲ್ಲೇ ಬಿಟ್ಟು ಗುಂಡನ್ನ ಸೊಂಟಕ್ಕೆ ಹಾಕ್ಕೊಂಡು ಓಡಿದಳು.

ಒಳಗೆ ದೀಪ ಹಚ್ಚಿಯಾಗಿತ್ತಂತೆ. ಪುಟ್ಟತಾಯಿ ಮಗೂನ ಮಡಿಲಲ್ಲಿ ಇಟ್ಕೊಂಡು ಕೂತಿದ್ದಳು. ಆದರೆ ಅಳೋ ಮಗೂಗೆ ಹೆಸರು ಹೇಳೋದು ಹೇಗೆ? ಒಂದು ಸಲ ಬಗ್ಗಿದಳಂತೆ, ಮಗು ಕಿಟಾರನೆ ಕಿರುಚಿತು. ಎರಡನೇ ಸಲ ಬಗ್ಗಿದಳು, ಇನ್ನೂ ಜೋರಾಗಿ ಕಿರುಚಿತು. ಮೂರನೇ ಸಲ ಬಗ್ಗಿದಳು, ಅವಳ ಮೂಗುತಿಗೇ ಕೈ ಹಾಕಿ ಎಳೀತು. ಅಯ್ಯಯ್ಯೋ ಅಂತ ಪುಟ್ಟತಾಯಿ ಮೂಗು ಹಿಡ್ಕೊಂಡಾಗಲೇ ಬಾಗಿಲಲ್ಲಿ ಕೆಂಚಮ್ಮ ನಿಂತಿದ್ದಳು. ಚಿಕ್ಕಣ್ಣ ಮೂಲೇಲಿ ತಲೆ ತಗ್ಗಿಸ್ಕೊಂಡು ಕೂತಿದ್ದೋನು ಎದ್ದು, ಅಕ್ಕಾ ಅಂದ. ಆ ಒಂದು ಮಾತಿಗೆ ಕೆಂಚಮ್ಮನಿಗೆ ದಾರೀಲಿ ಪಟ್ಟ ಕಷ್ಟ ಎಲ್ಲಾ ಮರೆತುಹೋಯ್ತು.

ಮಗು ಮಾತ್ರ ಅಳ್ತಾನೇ ಇತ್ತು. ಗುಂಡ ಸೊಂಟದಿಂದ ಜಾರಿ ಇಳಿದು, ಮಗೂನ ಮುಂದೆ ಕೂತು ಕೆನ್ನೆ ಊದಿಸಿ, ಕಣ್ಣು ಅರಳಿಸಿ, ಬುರ್ ಅಂದ. ಮಗು ಅಳು ನಿಲ್ಲಿಸಿ ನೋಡಿತು. ಬುರ್ರ್ ಅಂದ. ಮಗು ಬೊಚ್ಚು ಬಾಯಿ ಬಿಟ್ಟು ನಕ್ಕಿತಂತೆ. ಆ ನಗು ಬೀದಿಗೆ ಕೇಳಿಸ್ತೋ ಏನೋ, ಓಬಳ ಬೈರಿ ಸಮೇತ ಗಾಡಿ ಎಳ್ಕೊಂಡು ಬಂದ ಚೆನ್ನಿಗ ಬಾಗಿಲಿಂದ ಮುಖ ತೂರಿಸಿ ನಿಂತಿತು! ಶಾಸ್ತ್ರಕ್ಕೆ ಬಂದ ಹೆಂಗಸರೆಲ್ಲಾ ಹೊಟ್ಟೆ ಹಿಡ್ಕೊಂಡು ನಕ್ಕರು, ಪುಟ್ಟತಾಯೀನೂ ಮೂಗು ಉಜ್ಜಿಕೊಳ್ತಾ ನಕ್ಕು, ತಗೊಳಮ್ಮಾ, ನಿನ್ನ ಸೊಸೆ ನಿನಗೇ ಕಾಯ್ತಿದ್ದಳು ಅಂತ ಮಗೂನ ಕೆಂಚಮ್ಮನ ಮಡಿಲಿಗೆ ಹಾಕಿದಳಂತೆ. ಪಾಪ, ಅವಳೂ ಕೆಟ್ಟೋಳೇನಲ್ಲ.

ಕೆಂಚಮ್ಮ ಮಗೂನ ಕಿವಿ ಹತ್ರ ಬಾಯಿಟ್ಟು, ಹೊನ್ನವ್ವ, ಹೊನ್ನವ್ವ, ಹೊನ್ನವ್ವ ಅಂತ ಹೇಳಿದಳು. ಮಗು ಕಿವಿಗೊಟ್ಟು ಕೇಳಿಸ್ಕೊಳ್ತು. ಆಮೇಲೆ ಆ ಮನೆಯೋರು, ರಜಾ ಮುಗಿಯೋವರೆಗೂ ನೀವ್ಯಾರೂ ಹೋಗೋ ಹಾಗಿಲ್ಲ ಅಂತ ಹಿಡ್ಕೊಂಡು ಬಿಟ್ರಂತೆ. ತೊಟ್ಟಿಲು ತೂಗೋಕೆ ಓಬಳ, ಜೋಗುಳಕ್ಕೆ ಬೈರಿ, ಬುರ್ ಅನ್ನೋಕೆ ಗುಂಡ ಇದ್ದ ಮೇಲೆ ಬಿಡ್ತಾರಾ?

ಇನ್ನೊಂದು ಹೇಳ್ತೀನಿ, ಕಣ್ಣು ಮುಚ್ಕೊಂಡೇ ಕೇಳು. ಹೆತ್ತವ್ವನ ಹೆಸರಿಟ್ಟ ಮಗೂನ ಅಪ್ಪ ಆದೋನು ಹೆಸರು ಹಿಡಿದು ಕರೆಯೋ ಹಾಗಿಲ್ಲ, ಅವ್ವ ಅಂತಾನೇ ಕರೀಬೇಕು, ಅದು ನಮ್ಮ ಕಡೆ ಪದ್ಧತಿ. ಆ ಚಿಕ್ಕಣ್ಣ ಮಾತು ಕಲಿಯೋ ಮುಂಚೇನೇ ಅವನ ತಾಯಿ ಹೋಗಿದ್ದಳಲ್ಲ, ಆ ಮಾತು ಅವನ ಬಾಯಲ್ಲಿ ಯಾವತ್ತೂ ಬಂದಿರಲೇ ಇಲ್ಲ. ಅವತ್ತು ಅಷ್ಟು ಜನರ ನಡುವೆ, ಮೀಸೆ ಬಂದ ಗಂಡಸು, ತೊಟ್ಟಿಲ ಮೇಲೆ ಬಗ್ಗಿ ಮೊದಲನೇ ಸಲ ಅವ್ವಾ ಅಂದನಂತೆ. ಮಗು ಅವನ ಬೆರಳು ಹಿಡ್ಕೊಂಡು ನಕ್ಕಿತಂತೆ.

ಅಲ್ಲಿಗೆ ಕತೆ ಮುಗೀತು. ಅವರೆಲ್ಲಾ ಅಲ್ಲಿ ಚೆನ್ನಾಗಿದ್ರು, ನಾವು ಇಲ್ಲಿ ಚೆನ್ನಾಗಿ ಮಲಗೋಣ.