ಅಪ್ಪನ ಜಾಗದಲ್ಲಿ ಅವ್ವ

ಸಾಹೇಬರು ಊಟಕ್ಕೆ ಎದ್ದವ್ರೆ, ಕಿಟಕಿ ಮುಚ್ಚೈತೆ. ಇನ್ನು ಅವರು ಉಂಡು, ಕೈ ತೊಳೆದು, ಎಲೆ ಅಡಿಕೆ ಹಾಕ್ಕೊಂಡು ಬರೋವರ್ಗೂ ನಾವು ಇಲ್ಲೇ ತಾನೇ? ಕೂತ್ಕೊಳ್ರಪ್ಪ, ಕೂತ್ಕೊಳ್ರವ್ವ. ಸಾಲು ಎಲ್ಲೂ ಓಡೋಗಲ್ಲ. ಇಂಥದ್ದೇ ಒಂದು ಕಿಟಕಿ ಮುಂದೆ ನಿಂತಿದ್ದ ಪೆದ್ದನ ಕತೆ ಹೇಳ್ತೀನಿ ಕೇಳಿ.

ಒಂದೂರಲ್ಲಿ ಜವರಯ್ಯ ಅಂತ ಇದ್ದ. ಪುರಸಭೇಲಿ ಬೀದಿಬೀದಿಗೆ ನೀರು ಬಿಡೋ ಕೆಲಸ. ಹೆಂಡ್ತಿ ನಿಂಗಾಜಮ್ಮ, ಸ್ಕೂಲಲ್ಲಿ ಮಕ್ಕಳಿಗೆ ಬಿಸಿಯೂಟ ಬೇಯಿಸೋಳು. ಇವರಿಗೊಬ್ಬನೇ ಮಗ, ಮರಿಸ್ವಾಮಿ. ಕಟ್ಟುಮಸ್ತಾದ ಆಳು, ಬಂಡೆ ಕೊಟ್ಟರೂ ಹೊರೋನು. ಆದ್ರೆ ತಲೆ? ಅಯ್ಯೋ ಬುಡಿ! "ಬಾಗಿಲು ನೋಡ್ಕೋ" ಅಂದ್ರೆ ಹೊತ್ತು ಮುಳುಗೋವರ್ಗೂ ಬಾಗಿಲನ್ನೇ ನೋಡ್ತಾ ಕೂರೋನು. ಹಿತ್ತಲಿಂದ ಬೆಕ್ಕು ಬಂದು ಹಾಲು ಕುಡಿದು ಮೀಸೆ ಒರೆಸ್ಕೊಂಡು ಹೋದ್ರೂ ತಿರುಗಿ ನೋಡ್ತಿರಲಿಲ್ಲ.

ಒಂದಿನ ಜವರಯ್ಯ ಕಣ್ಮುಚ್ಚಿದ. ಅಪ್ಪನ ಕೆಲಸ ಮಗನಿಗೆ ಕೊಡ್ತೀವಿ ಅಂದ್ರು ಪುರಸಭೆಯೋರು. ನಿಂಗಾಜಮ್ಮ ಅಳ್ತಾ ಅಳ್ತಾನೇ ದೇವರಿಗೆ ಕೈಮುಗಿದಳು. ಆ ಕೆಲಸ ಬಿಟ್ಟರೆ ಇವನಿಗೆ ಇನ್ಯಾರು ಕೆಲಸ ಕೊಡ್ತಾರೆ? ತಾನು ಹೋದ ಮೇಲೆ ಇವನಿಗೆ ಅನ್ನ ಇಕ್ಕೋರು ಯಾರು? ಅದೊಂದೇ ಅವಳ ಚಿಂತೆ.

ಗುಮಾಸ್ತ ಶೇಷಪ್ಪ ಮರಿಸ್ವಾಮಿಯ ಜನನ ಪತ್ರ ಬಿಡಿಸಿ ನೋಡಿದ. ತಂದೆ: ನಿಂಗಾಜಮ್ಮ. ತಾಯಿ: ಜವರಯ್ಯ. ಯಾವ ಪುಣ್ಯಾತ್ಮ ನಿದ್ದೆಗಣ್ಣಲ್ಲಿ ಬರೆದಿದ್ನೋ!

"ಏನಮ್ಮ, ಸತ್ತಿರೋದು ಇವನ ತಾಯಿ," ಅಂದ ಶೇಷಪ್ಪ. "ತಂದೆ ಗುಂಡುಕಲ್ಲಿನ ಹಂಗೆ ಅವ್ರೆ. ಅಪ್ಪ ಬದುಕಿರೋವಾಗ ಅಪ್ಪನ ಕೆಲಸ ಮಗನಿಗೆ ಹೆಂಗೆ ಕೊಡೋದು?"

"ಇವರಪ್ಪ ಎಲ್ಲವ್ರೆ ಸ್ವಾಮಿ?"

"ನನ್ನ ಎದುರಿಗೇ ನಿಂತವ್ರಲ್ಲ!"

ಯುಗಾದಿಯೊಳಗೆ ಕಾಗದ ಸರಿಯಾಗಬೇಕು, ಇಲ್ದಿದ್ರೆ ಕೆಲಸ ಬೇರೆಯವರ ಪಾಲು ಅಂದ. ಗೇಟಿನ ಹತ್ರ ಅರ್ಜಿ ಬರೆಯೋ ರುದ್ರಪ್ಪ, "ಇದಕ್ಕೆ ಕೋರ್ಟೇ ಗತಿ ಕಣಮ್ಮ, ನನ್ನ ಅಳಿಯನೇ ವಕೀಲ" ಅಂತ ಪೆನ್ನು ಬಿಚ್ಚಿದ. ಆದ್ರೆ ಒಳಗಿದ್ದ ಜನನ ಮರಣ ಬರೆಯೋ ಮೇಡಂ ಒಳ್ಳೆ ಹೆಣ್ಣುಮಗಳು. "ಕೋರ್ಟು ಗೀರ್ಟು ಬೇಡಮ್ಮ. ಬರೆಯೋರ ಕೈತಪ್ಪು ಇದು, ನಾವೇ ಸರಿ ಮಾಡ್ತೀವಿ. ಮಗ ಖುದ್ದಾಗಿ ಬಂದು ಅರ್ಜಿ ಕೊಡಲಿ," ಅಂದ್ರು.

ಮಗ ಖುದ್ದಾಗಿ! ನಿಂಗಾಜಮ್ಮ ಮನೆಗೆ ಬಂದು ಮಗನನ್ನ ಎದುರಿಗೆ ಕೂರಿಸ್ಕೊಂಡಳು.

"ನೋಡ್ಲಾ ಮಗಾ, ನೀನು ಬಾಯಿ ಬಿಟ್ರೆ ಬಣ್ಣಗೇಡು. ಬಾಯಿ ಬಿಡಲೇಬೇಡ. ಕಾಗದ ಕೊಡು, ಕೈಮುಗಿ, ಬಾ," ಅಂದಳು.

"ಆಯ್ತು ಕಣವ್ವ!" ಅಂದು ಹೋದ.

"ಏನಯ್ಯ ಹೆಸರು?" ಅಂದ ಶೇಷಪ್ಪ. ಮರಿಸ್ವಾಮಿ ಕೈಮುಗಿದ.

"ಹೆಸರು ಕೇಳಿದ್ನಪ್ಪಾ!" ಇನ್ನೂ ಬಾಗಿ ಕೈಮುಗಿದ.

"ಕಿವಿ ಕೇಳಲ್ವೇನೋ?" ನೆಲಕ್ಕೇ ಬಿದ್ದು ಕೈಮುಗಿದ.

ಅಯ್ಯೋ ಪಾಪ ಅಂತ ಶೇಷಪ್ಪ ಅರ್ಜಿ ಮೇಲೆ ಬರೆದ: 'ಅರ್ಜಿದಾರ ಮೂಗ. ಡಾಕ್ಟರ ಸರ್ಟಿಫಿಕೇಟು ತರತಕ್ಕದ್ದು.'

ನಿಂಗಾಜಮ್ಮ ಹಣೆ ಚಚ್ಚಿಕೊಂಡಳು. "ಲೋ ಕೋಡಂಗಿ! ದೊಡ್ಡೋರು ಕೇಳಿದ್ರೆ ಸುಮ್ನೆ ನಿಲ್ತಾರೇನೋ? ಏನು ಕೇಳಿದ್ರೂ 'ಹೌದು ಸ್ವಾಮಿ' ಅನ್ನಬೇಕು!"

"ಆಯ್ತು ಕಣವ್ವ!" ಅಂದು ಮತ್ತೆ ಹೋದ.

"ನೀನೇ ಅಲ್ವೇನೋ ಆ ಮೂಗ?" ಅಂದ ಶೇಷಪ್ಪ.

"ಹೌದು ಸ್ವಾಮಿ."

"ಮಾತಾಡ್ತಾ ಇದ್ದೀಯಲ್ಲೋ!"

"ಹೌದು ಸ್ವಾಮಿ."

"ಇಲ್ಲಿ ತಂದೆ ನಿಂಗಾಜಮ್ಮ ಅಂತೈತೆ. ನಿಂಗಾಜಮ್ಮ ನಿಮ್ಮಪ್ಪನೇನೋ?"

"ಹೌದು ಸ್ವಾಮಿ."

"ಹಂಗಾದ್ರೆ ಬರೆದಿರೋದೆಲ್ಲ ಸರಿಯಾಗೇ ಐತೆ?"

"ಹೌದು ಸ್ವಾಮಿ!"

ಇಂಥ ಅರ್ಜಿದಾರ ಯಾವ ಗುಮಾಸ್ತನಿಗೆ ಬೇಡ ಹೇಳ್ರಪ್ಪ? ಶೇಷಪ್ಪನಿಗೆ ಸ್ವರ್ಗ ಮೂರೇ ಗೇಣು. 'ತಪ್ಪಿಲ್ಲವೆಂದು ಅರ್ಜಿದಾರನೇ ಒಪ್ಪಿರುತ್ತಾನೆ. ಕಡತ ಮುಕ್ತಾಯ' ಅಂತ ಬರೆದು ದಪ್ಪನೆ ಸೀಲು ಗುದ್ದಿ ಕಾಫಿಗೆ ಎದ್ದ.

ಕಾಗದ ಓದಿಸಿ ಕೇಳಿದ ನಿಂಗಾಜಮ್ಮ ಗೋಳೋ ಅಂತ ಅತ್ತಳು. "ಒಂಬತ್ತು ತಿಂಗಳು ಹೊತ್ತೋಳು ನಾನು, ಹೆತ್ತೋಳು ನಾನು! ನಿನ್ನ ಬಾಯಲ್ಲಿ ಅಪ್ಪ ಆಗೋದ್ನಲ್ಲೋ! ತಪ್ಪಿದ್ರೆ ತಪ್ಪು ಅನ್ನಬೇಕು ಕಣೋ. ಮೇಜು ಗುದ್ದಿ, ಊರಿಗೆಲ್ಲ ಕೇಳೋ ಹಂಗೆ, ಅಪ್ಪನ ಜಾಗದಲ್ಲಿರೋರು ಅಪ್ಪ ಅಲ್ಲ ಅಂತ ಕೂಗಬೇಕು!"

"ಆಯ್ತು ಕಣವ್ವ!" ಅಂದು ಮತ್ತೆ ಹೋದ.

ಅವತ್ತು ಕಿಟಕಿ ಹತ್ರ ಗಂಡ ಹೆಂಡ್ತಿ ನಿಂತಿದ್ರು. ಹೆಂಡ್ತಿ ಕಂಕುಳಲ್ಲಿ ಹಸುಗೂಸು, ಪಕ್ಕದಲ್ಲಿ ಅತ್ತೆ. ಶೇಷಪ್ಪ ಕೂಸಿನ ಪತ್ರ ಓದಿ ಹೇಳ್ತಿದ್ದ: "ತಂದೆ ನಾಗಶೆಟ್ಟಿ. ಸರಿಯಾಗೈತಾ?"

ಧಡ್ ಅಂತ ಮೇಜು ಗುದ್ದಿದ ಮರಿಸ್ವಾಮಿ. "ತಪ್ಪು! ತಪ್ಪು! ಅಪ್ಪನ ಜಾಗದಲ್ಲಿರೋರು ಅಪ್ಪ ಅಲ್ಲ!"

ನಾಗಶೆಟ್ಟಿ ಹೆಂಡ್ತಿ ಮುಖ ನೋಡಿದ. ಹೆಂಡ್ತಿ ಮರಿಸ್ವಾಮಿ ಮುಖ ನೋಡಿದಳು. ಅತ್ತೆ ಯಾರ ಮುಖವನ್ನೂ ನೋಡಲಿಲ್ಲ, ಸೀದಾ ಕಾಲಿನ ಚಪ್ಪಲಿ ಕೈಗೆ ತಗೊಂಡಳು. ಹೊಡೀತಾ ಹೊಡೀತಾ ಗೇಟಿನ ತನಕ ಅಟ್ಟಿಸ್ಕೊಂಡು ಹೋದಳು. ಗೇಟಲ್ಲಿ ರುದ್ರಪ್ಪ, "ನಾನು ಹೇಳಿರಲಿಲ್ವಾ? ಕೋರ್ಟೇ ಗತಿ!" ಅಂದ.

ಊದಿದ ಕೆನ್ನೆಗೆ ಅರಿಶಿನ ಹಚ್ಚುತ್ತಾ ನಿಂಗಾಜಮ್ಮ ಬೈದಳು. "ಅಯ್ಯೋ ನನ್ನ ಹಣೆಬರವೇ! ಜನದ ಮುಂದೆ ಹಂಗೆ ಕೂಗ್ತಾರೇನೋ? ಪಕ್ಕಕ್ಕೆ ಕರೆದು ಕಿವೀಲಿ ಹೇಳಬೇಕು. ಇನ್ನೊಂದು ಮಾತು, ಆ ರುದ್ರಪ್ಪ ಬಾಯಿ ಬಡ್ಕೊಂಡು ಸಾಯಲಿ, ಕೋರ್ಟಿನ ಮೆಟ್ಟಿಲು ಮಾತ್ರ ಹತ್ತಬೇಡ. ಹತ್ತಿದ್ರೆ ನಿನ್ನ ಮಕ್ಕಳ ಕಾಲಕ್ಕೂ ಇಳಿಯಲ್ಲ!"

"ಆಯ್ತು ಕಣವ್ವ!"

ಈ ಸಲ ನೇರ ಮೇಡಂ ಹತ್ರ ಹೋಗಿ, ಪಕ್ಕಕ್ಕೆ ಕರೆದು, ಕಿವೀಲಿ ಎಲ್ಲ ಹೇಳಿದ. ಮೇಡಂ ನಕ್ಕು, "ಮುಗಿದ ಕಡತ ತೆಗೆಸ್ತೀನಿ ಬಿಡಪ್ಪ. ಹೆಸರು ಅದಲುಬದಲಾಗೈತೆ ಅಂತ ಪ್ರಮಾಣ ಪತ್ರ ಬರೆಸಿದ್ದೀನಿ, ಇದಕ್ಕೆ ನೋಟರಿ ಸೀಲು ಬೇಕು. ನೋಟರಿಯವರು ಎದುರಿನ ಕೋರ್ಟಲ್ಲಿ ಕೂತಿರ್ತಾರೆ, ಹಾಕಿಸ್ಕೊಂಡು ಬಾ," ಅಂದ್ರು.

ಹೋದ. ನೋಡ್ತಾನೆ, ಬಾಗಿಲಿಗೆ ಮೆಟ್ಟಿಲು! ಅವ್ವ ಹತ್ತಬೇಡ ಅಂದವ್ಳೆ. ಕಟ್ಟಡ ಸುತ್ತಿದ. ಹಿಂದುಗಡೆ ಒಂದು ಕಿಟಕಿ ಸಿಕ್ತು. ಪ್ರಮಾಣ ಪತ್ರ ಹಲ್ಲಲ್ಲಿ ಕಚ್ಕೊಂಡ, ಹತ್ತಿದ, ಧುಮುಕಿದ. ಬಿದ್ದಿದ್ದು ಜವಾನನ ಕಾಲ ಹತ್ರ.

"ಕಳ್ಳ ನನ್ಮಗನೇ! ಬಾಗಿಲು ಬಿಟ್ಟು ಕಿಟಕೀಲಿ ಯಾಕೋ ಬಂದೆ?"

ಮರಿಸ್ವಾಮಿ ಅವನನ್ನ ಪಕ್ಕಕ್ಕೆ ಎಳೆದು ಕಿವೀಲಿ ಪಿಸುಗುಟ್ಟಿದ: "ಕೋರ್ಟಿನ ಮೆಟ್ಟಿಲು ಹತ್ತಬೇಡ ಅಂದವ್ರೆ."

"ಯಾರೋ ಅಂದೋರು?"

"ಮನೇಲಿ ನಮ್ಮವ್ವ. ಕಾಗದದಲ್ಲಿ ನಮ್ಮಪ್ಪ."

ಜವಾನ ಪೊಲೀಸರನ್ನ ಕರೆಯೋಕೆ ಹೊರಟ. ಅಲ್ಲೇ ಕೂತಿದ್ದ ನೋಟರಿ ಆ ಕಾಗದ ಇಸ್ಕೊಂಡು ಓದಿ, ಹೊಟ್ಟೆ ಹುಣ್ಣಾಗೋ ಹಂಗೆ ನಕ್ಕು, ಸೀಲು ಹಾಕಿ ಬಿಡಿಸಿ ಕಳಿಸಿದ್ರು. ನಮ್ಮ ಮರಿಸ್ವಾಮಿ ಕಿಟಕೀಲೇ ವಾಪಸ್ ಇಳಿದ. ಮೆಟ್ಟಿಲು ಇಳೀಬೇಡ ಅಂತ ಅವ್ವ ಏನೂ ಹೇಳಿರಲಿಲ್ಲ, ಆದ್ರೂ ಯಾಕೆ ಬೇಕು ಅಂತ.

ನಿಂಗಾಜಮ್ಮನಿಗೆ ಬೈದು ಬೈದು ಸಾಕಾಗಿತ್ತು. ಮಾರನೇ ದಿನ ಒಲೆ ಆರಿಸಿ ತಾನೇ ಮಗನ ಕೈ ಹಿಡ್ಕೊಂಡು ಹೊರಟಳು. ಸಾಕ್ಷಿಗೆ ಸೂಲಗಿತ್ತಿ ಚೌಡಮ್ಮನೂ ಪಕ್ಕದ ಮನೆ ಮೇಷ್ಟ್ರೂ ಬಂದ್ರು. "ಇವನ ಗುಂಡು ತಲೆ ಹೊರಗೆ ಬಂದಾಗ ಹಿಡಿದಿದ್ದೇ ನಾನು. ಹೆತ್ತೋಳು ಇವಳೇ, ಜವರಯ್ಯ ಹೊರಗೆ ಬೀಡಿ ಸೇದ್ತಾ ನಿಂತಿದ್ದ!" ಅಂದಳು ಚೌಡಮ್ಮ.

ಮೇಡಂ ದೊಡ್ಡ ಪುಸ್ತಕ ತೆಗೆದ್ರು. ಮರಿಸ್ವಾಮಿ ಕಣ್ಣು ಮಿಟುಕಿಸದೆ ನೋಡ್ತಾ ನಿಂತ.

"ಆ ತಪ್ಪನ್ನ ಉಜ್ಜಿ ಹಾಕ್ರವ್ವ," ಅಂದಳು ನಿಂಗಾಜಮ್ಮ.

"ಇಲ್ಲಮ್ಮ. ಆಗಿರೋ ತಪ್ಪನ್ನ ನಾವು ಮುಟ್ಟೋ ಹಂಗಿಲ್ಲ. ಅದು ಹಂಗೇ ಇರಬೇಕು. ಪಕ್ಕದಲ್ಲಿ ಸರಿಯಾದ್ದು ಬರೆದು, ಸಹಿ ಮಾಡಿ, ತಾರೀಕು ಹಾಕ್ತೀವಿ. ಅಷ್ಟೇ ಕಾನೂನು." ಬರೆದ್ರು, ಸಹಿ ಮಾಡಿದ್ರು, ತಾರೀಕು ಹಾಕಿದ್ರು. ಕೋರ್ಟಿಲ್ಲ, ವಕೀಲನಿಲ್ಲ, ನಿಂಗಾಜಮ್ಮ ಮತ್ತೆ ಅವ್ವ ಆದಳು! ಅಲ್ಲೇ ಮಗನನ್ನ ತಬ್ಕೊಂಡು ಅತ್ತಳು.

ಯುಗಾದಿ ಮುಂಚೇನೇ ಕೆಲಸದ ಆರ್ಡರೂ ಬಂತು. ಮೊದಲ ದಿನ ಜವರಯ್ಯನ ಹಳೇ ಖಾಕಿ ಅಂಗಿ ಹಾಕಿ, ನೀರು ಬಿಡೋ ಉದ್ದನೆ ಕಬ್ಬಿಣದ ಕೀಲಿ ಕೈಗೆ ಕೊಟ್ಟು ನಿಂಗಾಜಮ್ಮ ಅಂದಳು: "ಸರ್ಕಾರಿ ಕೆಲಸ ಕಣ್ಲಾ. ನಿನ್ನ ತಲೆ ಓಡಿಸಬೇಡ. ತಪ್ಪಾದಾಗ ಆ ಮೇಡಂ ಹೆಂಗೆ ಮಾಡಿದ್ರೋ, ಹಂಗೇ ಮಾಡು."

"ಆಯ್ತು ಕಣವ್ವ!"

ಹೋಗಿ ಕೀಲಿ ತಿರುಗಿಸಿದ. ತಿರುಗಿಸಿದ್ದೇ ತಡ, ಪೇಟೆ ಬೀದೀಲಿ ಪೈಪು ಒಡೀತು. ಬುಸ್ಸಂತ ನೀರು ಆಳೆತ್ತರಕ್ಕೆ ಹಾರ್ತು. ಅಂಗಡಿಯೋರೆಲ್ಲ "ನಿಲ್ಸೋ! ನಿಲ್ಸೋ!" ಅಂತ ಬೊಬ್ಬೆ ಹೊಡೆದ್ರು. ಅವರಪ್ಪ ಇದ್ದಿದ್ರೆ ಕೀಲಿ ತಿರುಗಿಸಿ ಚಣದಲ್ಲಿ ನಿಲ್ಸೋನು.

ಮರಿಸ್ವಾಮಿ ಕೈ ಎತ್ತಿ ಹೇಳಿದ: "ಆಗಿರೋ ತಪ್ಪನ್ನ ನಾವು ಮುಟ್ಟೋ ಹಂಗಿಲ್ಲ! ಅದು ಹಂಗೇ ಇರಬೇಕು!"

ಪಕ್ಕದ ಹೋಟ್ಲು ಒಲೆಯಿಂದ ಇದ್ದಿಲು ತಂದ. ಪಕ್ಕದ ಗೋಡೆ ಮೇಲೆ ಗುಂಡಗೆ ಬರೆದ: 'ನೀರು ಇಲ್ಲಿ ಬರಬಾರದು. ನಲ್ಲಿಯಲ್ಲಿ ಬರಬೇಕು.' ಸಹಿ ಮಾಡಿದ. ತಾರೀಕು ಹಾಕಿದ. ಕೀಲಿ ಹೆಗಲಿಗೆ ಹಾಕ್ಕೊಂಡು ಊಟಕ್ಕೆ ಹೋದ.

ನಿಂಗಾಜಮ್ಮ ಮೊಣಕಾಲುದ್ದ ನೀರಲ್ಲಿ ಓಡಿ ಬಂದಳು. ಅಷ್ಟೊತ್ತಿಗಾಗಲೇ ಇಂಜಿನಿಯರ ಜೀಪೂ ಬಂದು ನಿಂತಿತ್ತು. ಹೋಯ್ತು, ನನ್ನ ಮಗನ ಅನ್ನ ಹೋಯ್ತು ಅಂತ ಅವಳು ಸೆರಗು ಬಾಯಿಗೆ ತುರುಕ್ಕೊಂಡಳು. ಇಂಜಿನಿಯರು ಪ್ಯಾಂಟು ಮಡಚಿ ಇಳಿದ್ರು. ಗೋಡೆ ಓದಿದ್ರು. ಇನ್ನೊಂದು ಸಲ ಓದಿದ್ರು. "ಯಾರು ಬರೆದಿದ್ದು ಇದು? ಪದ್ಧತಿ ಗೊತ್ತಿರೋ ಹುಡುಗ!" ಅಂದ್ರು. ಜೇಬಿಂದ ಪೆನ್ನು ತೆಗೆದು ಅದರ ಕೆಳಗೆ 'ಪರಿಶೀಲಿಸಲಾಗಿದೆ' ಅಂತ ಬರೆದು, ಸಹಿ ಹಾಕಿ, ಜೀಪು ಹತ್ತಿ ಹೊರಟೇಹೋದ್ರು.

ಊಟ ಮುಗಿಸಿ ಬಂದ ಮಗನಿಗೆ ಬೈಯೋಕೆ ನಿಂಗಾಜಮ್ಮ ಬಾಯಿ ತೆಗೆದಳು. ಏನಂತ ಬೈತಾಳೆ ಪಾಪ? ಹಂಗೇ ಮುಚ್ಚಿದಳು.

ಇಲ್ಲಿಗೆ ನನ್ನ ಕತೆ ನಿಂತೈತೆ. ಅಲ್ಲಿ ನೀರಿನ್ನೂ ನಿಂತಿಲ್ಲ.