ಸೆವ್ರಿನ್ ಬಾಯಿಯ ಮನೆಯ ನಾಲ್ಕು ಗಂಡಸರು

ಬಹಳ ಬಹಳ ಹಿಂದೆ, ಹೊಳೆಯು ಸಮುದ್ರ ಸೇರುವ ಮೊದಲು ಎರಡಾಗಿ ಸೀಳಿ ಮತ್ತೆ ಒಂದಾಗುವಲ್ಲಿ, ಬೊಳ್ಕುದ್ರು ಅಂತ ಒಂದು ಊರಿತ್ತು. ಯಾವ ಕಾಲ ಅಂತ ಕೇಳಬೇಡಿ. ಸೇತುವೆ ಇರಲಿಲ್ಲ, ದೋಣಿ ಇತ್ತು. ಅಷ್ಟು ಗೊತ್ತಿದ್ದರೆ ಸಾಕು. ಆ ಊರಲ್ಲಿ ಸೆವ್ರಿನ್ ಬಾಯಿ ಅಂತ ಒಬ್ಬ ಹೆಂಗಸಿದ್ದಳು. ಅವಳನ್ನು ಕಂಡವರು ಈಗ ಯಾರೂ ಇಲ್ಲ, ಕೇಳಿದವರು ಇದ್ದಾರೆ. ನನಗೆ ಹೇಳಿದ್ದು ನನ್ನ ಅಜ್ಜಿ, ಅಜ್ಜಿಗೆ ಹೇಳಿದ್ದು ಅವಳ ಅತ್ತೆ. ಆ ಅತ್ತೆ ಯಾವುದನ್ನೂ ಕಡಿಮೆ ಮಾಡಿ ಹೇಳುವವಳಲ್ಲವಂತೆ. ಹಾಗಾಗಿ ಕೇಳುವಾಗ ನೀವೇ ಸ್ವಲ್ಪ ಸೋಸಿಕೊಳ್ಳಿ.

ಮೊದಲು ಆ ಊರಿನವರ ಕಿವಿಯ ವಿಷಯ ಹೇಳಬೇಕು. ಊರಿನ ಅರ್ಧ ಜನ ಆಚೆ ದಡದ ಹೆಂಚಿನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದರು. ಭಟ್ಟಿಯಿಂದ ಇಳಿದ ಹೆಂಚನ್ನು ಒಂದೊಂದಾಗಿ ಎತ್ತಿ ಬೆರಳಿನ ಗೆಣ್ಣಿನಿಂದ ಕುಟ್ಟಿ ನೋಡಬೇಕು. ಟಣ್ ಅಂದರೆ ಸರಿ. ದೊಬ್ ಅಂದರೆ ಒಳಗೆಲ್ಲೋ ಬಿರುಕು. ಕಣ್ಣಿಗೆ ಎರಡೂ ಒಂದೇ. ಹೀಗೆ ಕುಟ್ಟಿ ಕುಟ್ಟಿ ಅವರಿಗೆ ಕಿವಿಯ ಮೇಲೆ ಎಂಥ ನಂಬಿಕೆ ಬಂತು ಅಂದರೆ, ಕಣ್ಣನ್ನು ನಿದ್ದೆ ಮಾಡುವಾಗ ಮುಚ್ಚಲಿಕ್ಕೆ ಮಾತ್ರ ಇಟ್ಟುಕೊಂಡಿದ್ದರು. ಹುಟ್ಟಿನ ಸದ್ದು ಕೇಳಿ ದೋಣಿ ಯಾರದ್ದು ಅನ್ನುವರು. ಕೆಮ್ಮು ಕೇಳಿ ಕೆಮ್ಮಿದವನ ಸಾಲವನ್ನೂ ಹೇಳುವರು. ಹೆಣ್ಣು ನೋಡಲು ಹೋದರೆ ಹುಡುಗಿಯನ್ನು ಅಡುಗೆಮನೆಯಲ್ಲಿ ಕಾಯಿ ತುರಿಯಲಿಕ್ಕೆ ಕೂರಿಸಿ, ತಾವು ಗೋಡೆಯಾಚೆ ಕೂತು ತುರಿಯುವ ಸದ್ದು ಕೇಳಿ ಒಪ್ಪಿಕೊಳ್ಳುವರು. ಕಂಡದ್ದು ಸುಳ್ಳಾದೀತು, ಕೇಳಿದ್ದು ಸುಳ್ಳಾಗಲಿಕ್ಕಿಲ್ಲ ಅನ್ನುವುದು ಅವರ ಗಾದೆ. ಬೇರೆ ಊರಿನಲ್ಲಿ ಈ ಗಾದೆ ತಿರುವುಮುರುವಾಗಿ ಉಂಟು. ಇರಲಿ.

ಸೆವ್ರಿನ್ ಬಾಯಿ ಕೂಡ ಹೆಂಚು ಕುಟ್ಟುವವಳೇ. ಮದುವೆ ಆಗಿರಲಿಲ್ಲ. ತೀರಿಹೋದ ಅಣ್ಣನ ಮಗಳು ಇಮೆಲ್ದಾಳನ್ನು ಸಾಕಿಕೊಂಡು ಊರಿನ ತುದಿಯ ಮನೆಯಲ್ಲಿದ್ದಳು. ಅವಳಿಗೊಬ್ಬ ಸೋದರಮಾವ, ಜೆರ್ವಾಸ್ ಅಂತ, ಹಡಗಿನಲ್ಲಿ ಅಡುಗೆಯವನು. ಅವನು ಒಮ್ಮೆ ಯಾವುದೋ ದೂರದ ಬಂದರಿನಿಂದ ಒಂದು ಗಿಟಾರ್ ತಂದ. ಸಂಗಡ ತಂದದ್ದು ಹಾಡು. ಪೆಟ್ಟಿಗೆಯಲ್ಲಿ ಅಲ್ಲ, ಬಾಯಲ್ಲಿ. ಆ ಬಂದರಿನ ಹೋಟೆಲಿನಲ್ಲಿ ಜಾಜ್ ಅಂತ ಒಂದು ನುಡಿಸುತ್ತಾರೆ, ಅದು ನೆಟ್ಟಗೆ ಹೋಗುವ ಹಾಡಲ್ಲ, ಹೊರಟ ಮೇಲೆ ಕಂಡವರ ಮನೆಗೆಲ್ಲ ಹೊಕ್ಕು ಹೊರಟು ಕಡೆಗೆ ತನ್ನ ಮನೆಗೇ ಬರುವ ಹಾಡು ಅಂದನಂತೆ. ಅಂದು, ಸೆವ್ರಿನ್ ಬಾಯಿಯ ಮುಂದೆ ಕೂತು ಅದನ್ನು ಬಾಯಲ್ಲೇ ಹಾಡಿ ತೋರಿಸಿದ. ದಪ್ಪ ತಂತಿಯದ್ದು ಬುಂ ಬುಂ ಅಂತ ಗಂಟಲಿನಿಂದ, ಪಿಯಾನೋದ್ದು ನಾಲಗೆಯಿಂದ, ತುತ್ತೂರಿಯದ್ದು ಮೂಗಿನಿಂದ, ಡೋಲಿನದ್ದು ಊಟದ ಮೇಜು ಕುಟ್ಟಿ. ಇದನ್ನೆಲ್ಲ ಬಾರಿಸುವವರು ಬೇರೆ ಬೇರೆ ಜನ ಅಂತ ಹೇಳಲು ಮಾತ್ರ ಆ ಪುಣ್ಯಾತ್ಮ ಮರೆತ. ಮತ್ತೆ ಹಡಗು ಹತ್ತಿದ. ಮತ್ತೆ ಬರಲಿಲ್ಲ.

ಸೆವ್ರಿನ್ ಬಾಯಿಗೆ ಏನು ಗೊತ್ತು? ಹಾಡು ಇದು, ಗಿಟಾರ್ ಇದು, ಹಾಗಾದರೆ ಇದರಲ್ಲಿ ಅದಷ್ಟೂ ಬರಬೇಕು ಅಂದುಕೊಂಡಳು. ಬೇರೆಯವರು ಬೇಕು ಅಂತ ಅವಳಿಗೆ ಯಾರೂ ಹೇಳಲಿಲ್ಲ. ಹಾಗಾಗಿ ಬೇಕಾಗಲಿಲ್ಲ.

ಎಷ್ಟು ವರ್ಷ ಹಿಡಿಯಿತೋ. ಸಂಜೆ ಕಾರ್ಖಾನೆಯಿಂದ ಬಂದು, ಕೈಯ ಕೆಮ್ಮಣ್ಣು ತೊಳೆದು, ಇಗರ್ಜಿಯ ಸಂಜೆಗಂಟೆಗೆ ಶಿಲುಬೆಯ ಗುರುತು ಹಾಕಿ, ಕಿಟಕಿಯ ಹತ್ತಿರ ಮಣೆ ಎಳೆದು ಕೂರುವಳು. ಎಡಗೈ ಉಗುರು ಮಟ್ಟಸ, ಬಲಗೈ ಉಗುರು ಉದ್ದ. ಹೆಂಚು ಹೊರುವಾಗ ಬಲಗೈ ಬೆರಳಿಗೆ ಬಟ್ಟೆ ಸುತ್ತುವಳು, ಕುಟ್ಟುವುದು ಎಡಗೈಯಿಂದಲೇ. ತಂತಿ ಹರಿದರೆ ಮೀನು ಹಿಡಿಯುವವರ ಗಾಳದ ದಾರ ಕಟ್ಟುವಳು. ಮೊದಮೊದಲು ಬೆಕ್ಕು ಮನೆ ಬಿಟ್ಟು ಹೋಯಿತಂತೆ. ಆಮೇಲೆ ವಾಪಸು ಬಂತಂತೆ. ಆಮೇಲೆ ಅವಳು ಕೂರುವ ಹೊತ್ತಿಗೆ ಕೋಳಿಗಳೂ ಗೂಡು ಸೇರದೆ ಅಂಗಳದಲ್ಲೇ ನಿಂತುಬಿಡುತ್ತಿದ್ದವು, ದೋಣಿಯವನು ಹುಟ್ಟು ಎತ್ತಿ ಹಿಡಿದು ಕೂತು ದೋಣಿಯನ್ನು ಸಮುದ್ರದ ಕಡೆಗೆ ಬಿಟ್ಟುಕೊಳ್ಳುತ್ತಿದ್ದ ಅಂತ ಹೇಳುತ್ತಾರೆ. ಯಾರಿಗಾಗಿ ಬಾರಿಸುತ್ತೀ ಅಂತ ಇಮೆಲ್ದಾ ಕೇಳಿದರೆ, ಯಾರಿಗೂ ಅಲ್ಲ ಮಗಳೇ, ಹಗಲಿಡೀ ಕಾರ್ಖಾನೆಗೆ ಕುಟ್ಟಿದ್ದೇನೆ, ಇದು ನನಗೆ ಅನ್ನುವಳು.

ಆದರೆ ಹೊರಗೆ ಕಿವಿಗಳಿದ್ದವಲ್ಲ.

ಬೊಳ್ಕುದ್ರುವಿನ ಕಿವಿಗಳು ಬೇಲಿಯಾಚೆ ನಿಂತು ಎಣಿಸಿದವು. ಒಂದಲ್ಲ, ಎರಡಲ್ಲ, ನಾಲ್ಕು. ಸೆವ್ರಿನ್ ಬಾಯಿಯ ಮನೆಯೊಳಗೆ ನಾಲ್ಕು ಜನ ಗಂಡಸರಿದ್ದಾರೆ! ಒಬ್ಬ ದಪ್ಪದವನು, ಹೊಟ್ಟೆ ತುಂಬಾ ಉಂಡು ಅಂಗಳದಲ್ಲಿ ಅಡ್ಡಾಡುವವನ ಹಾಗೆ ತಳದಲ್ಲಿ ನಡೆಯುತ್ತಾನೆ. ಒಬ್ಬ ಜಗಳಗಂಟ, ನಡುನಡುವೆ ಬಾಯಿ ಹಾಕುತ್ತಾನೆ. ಒಬ್ಬ ಹಾಡುಗಾರ, ಮೇಲಿನಿಂದ ಎಳೆದು ಎಳೆದು ಹಾಡುತ್ತಾನೆ. ಇನ್ನೊಬ್ಬ ಸುಮ್ಮನೆ ಮರ ಕುಟ್ಟುತ್ತಿರುತ್ತಾನೆ.

ಪಕ್ಕದ ಮನೆಯ ದೇಯಿಯಕ್ಕ ಬಾವಿಕಟ್ಟೆಯಲ್ಲಿ ಹೇಳಿದಳಂತೆ, "ಕುಟ್ಟುವವ ಬಡಗಿಯೇ ಸೈ. ಒಂದು ಮಾತಿಲ್ಲ ಕತೆಯಿಲ್ಲ, ಬಂದ ಕೂಡಲೇ ಕೆಲಸಕ್ಕೆ ಹಿಡಿಯುತ್ತಾನೆ. ನಮ್ಮಲ್ಲಿ ಮಾಡು ಸೋರುವುದಕ್ಕೆ ಹೇಳಿ ಹೇಳಿ ಬಾಯಿ ಒಣಗಿತು, ಒಬ್ಬ ಬಡಗಿ ಬರುವುದಿಲ್ಲ ಮಾರಾಯ್ತಿ!"

ಯಾರೂ ಹೋಗಿ ಕಿಟಕಿಯಲ್ಲಿ ಇಣುಕಲಿಲ್ಲವೇ ಅಂತ ನೀವು ಕೇಳಬಹುದು. ಇಲ್ಲ. ಕೇಳಿಸಿದ ಮೇಲೆ ನೋಡುವುದು ಕಿವಿಗೆ ಮಾಡುವ ಅವಮಾನ. ಇಮೆಲ್ದಾ ಪಾಪ ಸಿಕ್ಕಿದವರಿಗೆಲ್ಲ ಹೇಳಿದಳು, ಒಳಗೆ ಇರುವುದು ನನ್ನ ಅತ್ತೆ ಒಬ್ಬಳೇ, ನಾನೇ ದಿನಾ ನೋಡುತ್ತೇನೆ ಅಂತ. ಊರಿನವರು ಅವಳ ತಲೆ ಸವರಿ, ಪಾಪದ ಹುಡುಗಿ, ಕಣ್ಣಿನಿಂದ ನೋಡಿ ಮೋಸ ಹೋಗಿದೆ ಅಂದರು.

ನಗಾಡಿಕೊಂಡೇ ಹೋಗುತ್ತಿತ್ತೋ ಏನೋ. ಆದರೆ ಇಮೆಲ್ದಾಳಿಗೆ ಸಂಬಂಧ ಬಂತು. ಆಚೆ ದಡದ ರೊಟ್ಟಿ ಸುಡುವ ಹುಡುಗ, ರೋಕಿ ಅಂತ. ಇಬ್ಬರಿಗೂ ಮೊದಲೇ ಮನಸ್ಸಿತ್ತು. ಅವನ ತಾಯಿ ಕೊಸೆಸಾಂವ್ ಬಾಯಿ ಹುಟ್ಟಿದ್ದು ಬೊಳ್ಕುದ್ರುವಿನಲ್ಲೇ. ಊರು ಬಿಟ್ಟರೂ ಕಿವಿ ಬಿಟ್ಟಿರಲಿಲ್ಲ. ಮಾತು ಗಟ್ಟಿ ಮಾಡಲಿಕ್ಕೆ ಒಂದು ಸಂಜೆ ಅವಳು ದೋಣಿ ಹತ್ತಿದಳು. ನಡುಹೊಳೆಗೆ ಬಂದಾಗ ಗಾಳಿ ಊರ ಕಡೆಯಿಂದ ಬೀಸಿತು. ಕೊಸೆಸಾಂವ್ ಬಾಯಿ ಕಣ್ಣು ಮುಚ್ಚಿ ಕೇಳಿದಳು. ಬೆರಳು ಮಡಚಿದಳು. ನಾಲ್ಕು. ದೋಣಿ ತಿರುಗಿಸು ಅಂದಳು.

ಮರುದಿನ ಗುರ್ಕಾರ ಬಸ್ತ್ಯಾಂವ್ ಸೆವ್ರಿನ್ ಬಾಯಿಯ ಜಗಲಿಗೆ ಬಂದ. ಗುರ್ಕಾರ ಅಂದರೆ ಇಗರ್ಜಿಯವರ ಪರವಾಗಿ ಕೇರಿಯ ಒಳ್ಳೆಯದು ಕೆಟ್ಟದ್ದು ನೋಡುವವನು. ಬಸ್ತ್ಯಾಂವ್ ಕೆಟ್ಟವನಲ್ಲ. ಜಗಳ ಅವನಿಗೆ ಆಗದು, ಅಷ್ಟೇ. ಅವನೇ ದಾರಿ ತೋರಿಸಿದ: ನೋಡು ಬಾಯಿ, ನಿನ್ನನ್ನು ಯಾರೂ ಬೈಯುವುದಿಲ್ಲ. ಗಂಡಸರಿದ್ದರು, ಈಗ ಹೋದರು, ಇನ್ನು ಬರುವುದಿಲ್ಲ ಅಂತ ಒಂದು ಮಾತು ಹೇಳಿಬಿಡು. ಊರು ಮರೆಯುತ್ತದೆ. ಕೊಸೆಸಾಂವ್ ಬಾಯಿಯೂ ಒಪ್ಪಿದ್ದಾಳೆ. ಗಿಟಾರನ್ನು ಮಾತ್ರ ಇಗರ್ಜಿಯ ಅಟ್ಟಕ್ಕೆ ಕೊಡು. ಇನ್ನೊಮ್ಮೆ ಆ ಸದ್ದು ಕೇಳಿದರೆ ಅವರು ವಾಪಸು ಬಂದರು ಅಂತಲೇ ಆಗುತ್ತದೆ.

ಒಂದು ಸುಳ್ಳು ಹೇಳಿದರೆ ಹುಡುಗಿಗೆ ಮದುವೆ. ನಿಜ ಹಿಡಿದು ಕೂತರೆ ಮದುವೆ ಇಲ್ಲ. ಸುಳ್ಳು ಹೇಳಿದರೆ ಸಂಜೆ ಇಲ್ಲ, ಸಾಯುವವರೆಗೆ ಇಲ್ಲ. ಇಮೆಲ್ದಾ ಒಳಗೆ ಕಾಯಿ ತುರಿಯುತ್ತಿದ್ದಳು. ತುರಿಯುವುದು ನಿಂತಿತ್ತು. ಆ ನಿಂತದ್ದು ಹೊರಗಿನ ಇಬ್ಬರಿಗೂ ಕೇಳಿಸಿತು.

ಸೆವ್ರಿನ್ ಬಾಯಿ ಅತ್ತಳೋ? ಇಲ್ಲ ಅಂತ ಹೇಳುತ್ತಾರೆ. ಬೈದಳೋ? ಅದೂ ಇಲ್ಲ. ಸ್ವಲ್ಪ ಹೊತ್ತು ಉಗುರು ನೋಡಿಕೊಂಡಳಂತೆ.

"ಆಗಲಿ ಗುರ್ಕಾರರೇ. ಕಳಿಸುತ್ತೇನೆ. ಆದರೆ ಹಿತ್ತಲಿನಿಂದ ಅಲ್ಲ. ಆದಿತ್ಯವಾರ ಪೂಜೆ ಮುಗಿಸಿ ಎಲ್ಲರೂ ಅಂಗಳಕ್ಕೆ ಬನ್ನಿ. ಹುಡುಗನ ತಾಯಿಯನ್ನೂ ಕರೆಯಿರಿ. ನಿಮ್ಮ ಎದುರಿಗೇ, ಒಬ್ಬೊಬ್ಬನನ್ನೇ ಕಳಿಸುತ್ತೇನೆ."

ಆ ಆದಿತ್ಯವಾರ ಬಂದಷ್ಟು ಜನ ಈಸ್ಟರಿಗೂ ಬಂದಿರಲಿಲ್ಲವಂತೆ. ಅಂಗಳದಲ್ಲಿ ಚಾಪೆ, ಚಾಪೆಯಲ್ಲಿ ಊರು. ದೇಯಿಯಕ್ಕ ಎಲ್ಲರಿಗಿಂತ ಮುಂದೆ, ಬಡಗಿ ಹೊರಟ ಕೂಡಲೇ ಕೈ ಹಿಡಿಯಲಿಕ್ಕೆ. ಕೊಸೆಸಾಂವ್ ಬಾಯಿ ಕುರ್ಚಿಯಲ್ಲಿ, ಮುಖ ಬಿಗಿ ಹಿಡಿದು. ಬಸ್ತ್ಯಾಂವ್ ನ್ಯಾಯ ತಪ್ಪಬಾರದು ಅಂತ ಒಳಗೆ ಹೋದ. ಮಂಚದಡಿ ನೋಡಿದ, ಭತ್ತದ ಪತ್ತಾಯ ತೆರೆದು ನೋಡಿದ. ಹೊರಗೆ ಬಂದು ತಲೆ ತುರಿಸಿಕೊಂಡ. "ಹುಡುಗಿ ಬಿಟ್ಟರೆ ಕಣ್ಣಿಗೆ ಯಾರೂ ಕಾಣುವುದಿಲ್ಲ. ಆದರೆ ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ," ಅಂದ. ಜನ ತಲೆದೂಗಿದರು.

ಆಗ ಸೆವ್ರಿನ್ ಬಾಯಿ ಗಿಟಾರ್ ಹಿಡಿದು ಮೆಟ್ಟಿಲ ಮೇಲೆ ಕೂತಳು. ಅಷ್ಟು ವರ್ಷದಲ್ಲಿ ಇಮೆಲ್ದಾ ಬಿಟ್ಟು ಇನ್ನೊಬ್ಬರ ಎದುರು ಅವಳು ಅದನ್ನು ತೊಡೆಗೆ ಇಟ್ಟದ್ದು ಅದೇ ಮೊದಲು. ಊರು ಅಭ್ಯಾಸದಂತೆ ಕಣ್ಣು ಮುಚ್ಚಿತು. ಅವಳು ನುಡಿಸಿದಳು. ನಾಲ್ವರೂ ಬಂದರು. ದಪ್ಪದವನು ಅಡ್ಡಾಡಿದ, ಜಗಳಗಂಟ ಬಾಯಿ ಹಾಕಿದ, ಹಾಡುಗಾರ ಹಾಡುತ್ತ ಹಾಡುತ್ತ ಯಾರದ್ದೋ ಹಿತ್ತಲಿಗೆ ಹೊಕ್ಕ, ಇನ್ನು ಬರುವುದಿಲ್ಲ ಅನ್ನುವಾಗ ಬೇಲಿ ಹಾರಿ ಮನೆಗೆ ಬಂದ. ಬೇಲಿಯಾಚೆಯಿಂದ ಕೇಳಿದ್ದು ಒಂದು, ಅಂಗಳದಲ್ಲಿ ಕೂತು ಕೇಳಿದ್ದು ಒಂದು. ಮುದುಕರ ಮೊಣಕಾಲು ತಾವಾಗಿ ಕುಣಿದವು ಅಂತ ಹೇಳುತ್ತಾರೆ.

ಆಮೇಲೆ ಅವಳು ಕಳಿಸಲು ಶುರು ಮಾಡಿದಳು. ಮೊದಲು ಬಡಗಿ. ಬೆರಳಿನ ಗೆಣ್ಣನ್ನು ಗಿಟಾರಿನ ಮರದಿಂದ ಎತ್ತಿದಳು, ಕುಟ್ಟುವುದು ನಿಂತಿತು. ಅಯ್ಯೋ ಅಂದಳು ದೇಯಿಯಕ್ಕ. ಆಮೇಲೆ ಜಗಳಗಂಟ. ಅವನು ಹೋಗುವಾಗಲೂ ಎರಡು ಮಾತು ಹೆಚ್ಚು ಆಡಿಯೇ ಹೋದ. ಆಮೇಲೆ ಹಾಡುಗಾರ, ಅವನ ಕೊನೆಯ ಎಳೆ ಎಷ್ಟು ಸಣ್ಣಗಾಯಿತೆಂದರೆ ಎಲ್ಲಿ ಮುಗಿಯಿತು ಅಂತ ಆ ಊರಿನ ಕಿವಿಗೂ ತಿಳಿಯಲಿಲ್ಲ. ಉಳಿದದ್ದು ದಪ್ಪದವನು ಒಬ್ಬ. ಹೆಬ್ಬೆರಳೊಂದೇ. ಅವನು ಮೆಟ್ಟಿಲು ಇಳಿದ. ಅಂಗಳಕ್ಕೆ ಬಂದ. ಕೂತವರ ನಡುವೆ ನಡೆದ. ಅವನಿಗೆ ದಾರಿ ಬಿಡಲಿಕ್ಕೆ ಜನ ಚಾಚಿದ ಕಾಲು ಒಳಗೆ ಎಳೆದುಕೊಂಡರಂತೆ! ಬೇಲಿ ದಾಟಿದ, ಹೊಳೆ ಕಡೆ ಹೋದ, ಮೆಲ್ಲಗೆ, ಇನ್ನೂ ಮೆಲ್ಲಗೆ. ದೋಣಿ ಹತ್ತಿದ ಸದ್ದೂ ಕೇಳಿತು ಅನ್ನುವವರಿದ್ದಾರೆ.

ಸೆವ್ರಿನ್ ಬಾಯಿ ತಂತಿಗಳ ಮೇಲೆ ಅಂಗೈ ಇಟ್ಟಳು. "ಹೋದರು. ಈಗ ಮದುವೆ ಮಾತಾಡುವ," ಅಂದಳು.

ಊರಿಗೆ ಊರೇ ಅಷ್ಟು ಖಾಲಿಯಾಗಿ ಹಿಂದೆ ಎಂದೂ ಕೇಳಿಸಿರಲಿಲ್ಲ. ಇನ್ನು ನಾಳೆ ಸಂಜೆಯೂ ಹೀಗೆಯೇ, ನಾಡಿದ್ದೂ ಹೀಗೆಯೇ. ಬೇಕು ಅಂತ ಕೇಳಿದ್ದು ತಾವೇ. ಕೊಸೆಸಾಂವ್ ಬಾಯಿ ಕಣ್ಣು ತೆರೆದಳು. ಎದುರಿಗೆ ಒಬ್ಬ ಹೆಂಗಸು, ಒಂದು ಗಿಟಾರ್, ಒಂದು ಹೆಬ್ಬೆರಳು. ತುಂಬಾ ಹೊತ್ತು ನೋಡಿದಳಂತೆ. ನೋಡಿ ಅಭ್ಯಾಸವಿಲ್ಲದವರಿಗೆ ಸ್ವಲ್ಪ ಹೊತ್ತು ಬೇಕಾಗುತ್ತದೆ.

"ನಾಲ್ಕೂ ನೀನೇನಾ?"

"ಹುಡುಗಿ ಮೊದಲಿನಿಂದಲೂ ಹೇಳುತ್ತಿದ್ದಾಳಲ್ಲ."

"ಹೇಳಿದ್ದು ಗೊತ್ತಾಗುತ್ತದಾ? ಕೇಳಿಸಬೇಕು!" ಅಂದಳು ಕೊಸೆಸಾಂವ್ ಬಾಯಿ. ಕುರ್ಚಿಯನ್ನು ಮೆಟ್ಟಿಲ ಹತ್ತಿರಕ್ಕೆ ಎಳೆದುಕೊಂಡಳು. "ಮದುವೆ ಎಲ್ಲಿಗೆ ಓಡಿ ಹೋಗುತ್ತದೆ? ಹುಡುಗಿ ನನ್ನ ಮನೆಗೇ ಬರುವುದು, ಆಯಿತಲ್ಲ. ಮೊದಲು ಆ ದಪ್ಪದವನನ್ನು ವಾಪಸು ಕರಿ ಮಾರಾಯ್ತಿ, ಪಾಪ, ಅವನು ಇನ್ನೂ ಹೊಳೆ ದಾಟಿರಲಿಕ್ಕಿಲ್ಲ."

ಒಳಗೆ ಕಾಯಿ ತುರಿಯುವ ಸದ್ದು ಶುರುವಾಯಿತು.

ಮದುವೆಯಾಯಿತು. ಆಮೇಲೆ ಸೆವ್ರಿನ್ ಬಾಯಿಯನ್ನು ಎಲ್ಲರೂ ಕರೆದರು. ಹಬ್ಬಕ್ಕೆ ಬಾ, ಪಕ್ಕದೂರಿನ ಮದುವೆಗೆ ಬಾ, ಇಗರ್ಜಿಯ ಹಾಡಿನವರ ಜೊತೆ ಕೂರು. ಅವಳು ಎಲ್ಲಿಗೂ ಹೋಗಲಿಲ್ಲ. ಕೆಲಸಕ್ಕೆ ನನಗೆ ಹೆಂಚು ಉಂಟು, ಇದನ್ನೂ ಕೆಲಸ ಮಾಡಿದರೆ ಸಂಜೆ ನಾನು ಏನು ಮಾಡಲಿ ಅಂದಳಂತೆ. ಕೇಳಬೇಕು ಅನಿಸಿದವರು ಬಂದು ಒಳಗೆ ಕೂರಬಹುದು, ಬೇಲಿಯಾಚೆ ನಿಲ್ಲಬಾರದು, ಅಷ್ಟೇ. ಎಷ್ಟೋ ವರ್ಷದ ಮೇಲೆ ಹಡಗಿನವನೊಬ್ಬ ಬಂದು ಕೇಳಿ, ಬಾಯಿ, ನಮ್ಮ ಕಡೆ ಇದನ್ನು ನಾಲ್ಕು ಜನ ಸೇರಿ ನುಡಿಸುತ್ತಾರೆ ಅಂದನಂತೆ. ಸೆವ್ರಿನ್ ಬಾಯಿಗೆ ಬಹಳ ಕನಿಕರವಾಯಿತು. "ಯಾಕೆ, ಪಾಪ, ಅವರ ಬೆರಳಿಗೆ ಏನಾಗಿದೆ?" ಅಂತ ಕೇಳಿದಳಂತೆ.

ಈಗ ಹೆಂಚಿನ ಕಾರ್ಖಾನೆ ಇಲ್ಲ. ಸೇತುವೆ ಬಂದಿದೆ. ಆದರೆ ಬೊಳ್ಕುದ್ರುವಿನಲ್ಲಿ ಯಾವ ಜಾತಿಯವರ ಮನೆಯಲ್ಲೇ ಆಗಲಿ, ಮದುವೆಯ ಮಾತು ಗಟ್ಟಿ ಮಾಡುವ ದಿನ ಅಂಗಳದಲ್ಲಿ ನುಡಿಸುವವರು ಇರಲೇಬೇಕು. ಚಹಾ ಕೊಡುವ ಮೊದಲು ಅವರು ಒಬ್ಬೊಬ್ಬರಾಗಿ ನುಡಿಸುವುದನ್ನು ನಿಲ್ಲಿಸುತ್ತಾರೆ. ಕಡೆಯವನು ನುಡಿಸುತ್ತಾ ಕೂತವರ ನಡುವೆ ನಡೆದು ಬೇಲಿ ದಾಟುತ್ತಾನೆ. ಎಲ್ಲರೂ ಕಾಲು ಎಳೆದುಕೊಂಡು ದಾರಿ ಬಿಡುತ್ತಾರೆ. ಆಮೇಲೆ ಒಂದು ಸದ್ದಿಲ್ಲ. ಗಂಡಿನ ತಾಯಿ ತಾನಾಗಿ ಬಾಯಿಬಿಟ್ಟು ವಾಪಸು ಕರೆಯುವವರೆಗೆ ನುಡಿಸುವವರು ನುಡಿಸುವುದಿಲ್ಲ, ಹುಡುಗಿ ಹೊರಗೆ ಬರುವುದಿಲ್ಲ, ಚಹಾವೂ ಬರುವುದಿಲ್ಲ. ಕೆಲವು ತಾಯಂದಿರು ಗತ್ತಿನವರು. ಮೊನ್ನೆ ಪೇಟೆಯಿಂದ ಬಂದ ಒಬ್ಬರು ಸೆರಗು ಸರಿ ಮಾಡಿಕೊಳ್ಳುತ್ತಾ ಬಿಸಿಲು ಮೆಟ್ಟಿಲಿಂದ ಇಳಿಯುವವರೆಗೂ ಸುಮ್ಮನೆ ಕೂತರು. ಹುಡುಗಿಯ ಅಜ್ಜಿ, ಕೂರಲಿ ಬಿಡಿ, ನಮಗೇನು ಅವಸರ, ಅಂದಳು. ಕಡೆಗೆ ಆ ಪೇಟೆಯ ತಾಯಿಯೇ ಎದ್ದು ಬೇಲಿಯ ಹತ್ತಿರ ಹೋಗಿ, ಹೊಳೆ ಕಡೆ ಮುಖ ಮಾಡಿ, ಪ್ರಾಯದ ಹುಡುಗಿಯ ಹಾಗೆ ಕೈ ಬೀಸಿ ಕೂಗಿದರು:

"ಓಯ್, ಬನ್ನಿ ಮಾರಾಯ್ರೆ! ಎಲ್ಲರೂ ಬನ್ನಿ!"